ಇನ್ಶೂರೆನ್ಸ್ ಇಲ್ಲದ ನಾಲ್ಕನೇ ತಿಂಗಳು

"ಒಬಾಮಾ ಕೇರ್ ಪೆನಾಲ್ಟೀನ ಟ್ರಂಪ್ ತೆಗೆದುಹಾಕಿದ್ನಲ್ಲ ಸಾರ್, ಮತ್ಯಾಕೆ ನನ್ನ ರೀಫಂಡಲ್ಲಿ ದುಡ್ಡು ಹಿಡ್ಕೊಂಡಿದಾರೆ?" ಟ್ಯಾಕ್ಸ್ ಸೀಸನ್ ಶುರುವಾದ್ರೆ ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿರೋ ನಮ್ಮೋರಿಂದ ಈ ಪ್ರಶ್ನೆ ಬಂದೇ ಬರುತ್ತೆ. ಕೇಳೋರು ಹೇಳೋದು ಅರ್ಧ ನಿಜ. ಒಬಾಮಾ ಕೇರ್ ಕಾನೂನಲ್ಲಿ ಹೆಲ್ತ್ ಇನ್ಶೂರೆನ್ಸ್ ಇಲ್ಲದೋರಿಗೆ ಹಾಕ್ತಿದ್ದ ಫೆಡರಲ್ ಪೆನಾಲ್ಟಿ 2014ರಲ್ಲಿ 95 ಡಾಲರಿಂದ ಶುರುವಾಗಿ 2016ಕ್ಕೆ ತಲೆಗೆ 695 ಡಾಲರ್ ಅಥವಾ ಆದಾಯದ ಎರಡೂವರೆ ಪರ್ಸೆಂಟ್ ಆಯ್ತು, 2017ರ ಡಿಸೆಂಬರಲ್ಲಿ ಬಂದ ಟ್ಯಾಕ್ಸ್ ಕಾನೂನು ಅದನ್ನ 2019ರಿಂದ ಸೊನ್ನೆ ಮಾಡ್ತು. ಅಷ್ಟರಲ್ಲಿ ಕೆಲವು ರಾಜ್ಯಗಳು ತಮ್ಮದೇ ಪೆನಾಲ್ಟಿ ತಂದುಬಿಟ್ವು. ನ್ಯೂಜೆರ್ಸಿ ಮತ್ತೆ ವಾಷಿಂಗ್ಟನ್ ಡಿಸಿ 2019ರಿಂದ, ಕ್ಯಾಲಿಫೋರ್ನಿಯಾ ಮತ್ತೆ ರೋಡ್ ಐಲೆಂಡ್ 2020ರಿಂದ. ಮ್ಯಾಸಚೂಸೆಟ್ಸಲ್ಲಂತೂ ಒಬಾಮಾಗಿಂತ ಮೊದಲೇ, 2007ರಿಂದಾನೇ ಇದೆ. ಡಲ್ಲಾಸ್, ಸಿಯಾಟಲ್ ಕಡೆ ಇರೋರಿಗೆ ಇದ್ಯಾವ ತಾಪತ್ರಯಾನೂ ಇಲ್ಲ. ಆದ್ರೆ ಕ್ಯಾಲಿಫೋರ್ನಿಯಾದ ಸಾಂಟಾ ಕ್ಲಾರಾದಲ್ಲೋ ನ್ಯೂಜೆರ್ಸಿಯ ಎಡಿಸನ್ನಲ್ಲೋ ಇದ್ದು ಡಲ್ಲಾಸಿನ ಫ್ರೆಂಡ್ ಮಾತು ನಂಬಿದ್ರೆ ಕಷ್ಟ.

ನಾನು ದಿನಾ ನೋಡೋದು ಕ್ಯಾಲಿಫೋರ್ನಿಯಾದ್ದು, ಅದನ್ನೇ ಹೇಳ್ತೀನಿ. ಲೆಕ್ಕ ಎರಡು ಥರ ಮಾಡ್ತಾರೆ. ಒಂದು ತಲೆ ಲೆಕ್ಕ, 2023ಕ್ಕೆ ವರ್ಷಕ್ಕೆ ದೊಡ್ಡೋರಿಗೆ 900 ಡಾಲರ್, ಮಕ್ಕಳಿಗೆ 450. ಇನ್ನೊಂದು ಆದಾಯದ ಲೆಕ್ಕ, ರಿಟರ್ನ್ ಫೈಲ್ ಮಾಡಲೇಬೇಕಾದ ಮಿತಿಗಿಂತ ಮೇಲಿರೋ ಆದಾಯದಲ್ಲಿ ಎರಡೂವರೆ ಪರ್ಸೆಂಟ್. ಎರಡರಲ್ಲಿ ಯಾವುದು ಜಾಸ್ತಿನೋ ಅದು, ಕವರೇಜ್ ಇಲ್ಲದಿದ್ದ ತಿಂಗಳುಗಳಿಗೆ ಭಾಗ ಮಾಡಿ. ಬ್ರಾಂಜ್ ಪ್ಲಾನಿನ (ಕಮ್ಮಿ ಪ್ರೀಮಿಯಮ್ಮಿನ ಕೆಳ ದರ್ಜೆ ಪ್ಲಾನು) ಸರಾಸರಿ ಪ್ರೀಮಿಯಂ ದಾಟಬಾರದು ಅಂತ ಮೇಲೊಂದು ಮಿತಿ ಇದೆ. ಎಲ್ಲರೂ 900 ಅಂತ ಓದಿಕೊಂಡು ಬರ್ತಾರೆ, ಆದ್ರೆ ಐಟಿ ಸಂಬಳದೋರಿಗೆ ಬಡಿಯೋದು ಆ ಎರಡನೇ ಲೆಕ್ಕ.

ಉದಾಹರಣೆಗೆ, ಮದುವೆ ಆಗಿರದ ಒಬ್ಬ ಎಂಜಿನಿಯರ್, 2023ರಲ್ಲಿ ಆದಾಯ 1,20,000 ಡಾಲರ್ ಅಂತಿಟ್ಕೊಳಿ. ಜೂನಲ್ಲಿ ಲೇಆಫ್ ಆಯ್ತು, ಕವರೇಜ್ ಜೂನ್ 30ರ ತನಕ ಇತ್ತು, ಅಕ್ಟೋಬರ್ 5ಕ್ಕೆ ಹೊಸ ಕೆಲಸ ಸಿಕ್ತು, ಆ ಕಂಪನಿ ಇನ್ಶೂರೆನ್ಸ್ ಮುಂದಿನ ತಿಂಗಳ ಒಂದನೇ ತಾರೀಖಿಂದ ಕೊಡುತ್ತೆ. ಒಂದು ತಿಂಗಳಲ್ಲಿ ಒಂದೇ ಒಂದು ದಿನ ಕವರೇಜ್ ಇದ್ರೂ ಆ ತಿಂಗಳು ಪೂರ್ತಿ ಇತ್ತು ಅಂತಲೇ ಲೆಕ್ಕ. ಹಂಗಾಗಿ ಖಾಲಿ ಇದ್ದಿದ್ದು ಜುಲೈ, ಆಗಸ್ಟ್, ಸೆಪ್ಟೆಂಬರ್, ಅಕ್ಟೋಬರ್. ಸತತ ಮೂರು ತಿಂಗಳ ತನಕ ಗ್ಯಾಪ್ ಇದ್ರೆ ಮಾಫಿ ಇದೆ. ಇವನದ್ದು ನಾಲ್ಕು, ನಾಲ್ಕಾದ್ರೆ ಮೂರು ಮಾಫಿ ಆಗಿ ಒಂದಕ್ಕೆ ಮಾತ್ರ ದಂಡ ಅಂತ ಬಹಳ ಜನ ಅಂದ್ಕೊಂಡಿರ್ತಾರೆ, ಹಂಗಲ್ಲ, ನಾಲ್ಕಕ್ಕೂ ದಂಡ. ಫೈಲಿಂಗ್ ಮಿತಿ ಸುಮಾರು 21,500 ಕಳೆದ್ರೆ 98,500 ಉಳೀತು, ಅದರ ಎರಡೂವರೆ ಪರ್ಸೆಂಟ್ ಸುಮಾರು 2,460, ತಿಂಗಳಿಗೆ 205, ನಾಲ್ಕು ತಿಂಗಳಿಗೆ 820 ಡಾಲರ್. ಹೊಸ ಕಂಪನಿ ಅಕ್ಟೋಬರ್ 31ಕ್ಕೆ ಕವರೇಜ್ ಕೊಟ್ಟುಬಿಟ್ಟಿದ್ರೂ ಸೊನ್ನೆ ಆಗ್ತಿತ್ತು! ನಂಗೆ ಕೇಳಿದ್ರೆ ಇದು ಅನ್ಯಾಯಾನೇ, ಬೇಕಂತ ಇನ್ಶೂರೆನ್ಸ್ ತಗೊಳ್ಳದೋನನ್ನೂ ಕೆಲಸ ಕಳ್ಕೊಂಡೋನನ್ನೂ ಟ್ಯಾಕ್ಸ್ ಫಾರ್ಮು ಒಂದೇ ಥರ ನೋಡುತ್ತೆ. ಆದ್ರೆ ಕಾನೂನು ಇರೋದು ಹಂಗೆ.

ಲೇಆಫ್ ಆದಾಗ ನಮ್ಮೋರಿಗೆ 60 ದಿನ ಅಂದ್ರೆ ಎಚ್-1ಬಿ ವೀಸಾದ ಗ್ರೇಸ್ ಪೀರಿಯಡ್, ಅಂದ್ರೆ ಕೆಲಸ ಹೋದಮೇಲೂ ಇಲ್ಲಿರೋಕೆ ಸಿಗೋ ಟೈಮ್, ಅದೊಂದೇ ತಲೇಲಿರುತ್ತೆ, ಸಹಜ ಬಿಡಿ. ಇನ್ಶೂರೆನ್ಸಿಗೂ ಎರಡು 60 ದಿನ ಇದೆ. ಕೆಲಸದ ಕವರೇಜ್ ಹೋದಮೇಲೆ 60 ದಿನದೊಳಗೆ ಕವರ್ಡ್ ಕ್ಯಾಲಿಫೋರ್ನಿಯಾದಲ್ಲಿ, ಅಂದ್ರೆ ರಾಜ್ಯ ನಡೆಸೋ ಇನ್ಶೂರೆನ್ಸ್ ಮಾರ್ಕೆಟ್ಟಲ್ಲಿ, ಪ್ಲಾನ್ ತಗೋಬಹುದು, ಎಚ್-1ಬಿ, ಎಫ್-1 (ಸ್ಟೂಡೆಂಟ್ ವೀಸಾ) ಇರೋರೂ ತಗೋಬಹುದು, ವರ್ಷಕ್ಕೊಮ್ಮೆ ಬರೋ ಓಪನ್ ಎನ್ರೋಲ್ಮೆಂಟಿಗೆ ಕಾಯಬೇಕಿಲ್ಲ. ಇನ್ನೊಂದು ಕೋಬ್ರಾ, ಅಂದ್ರೆ ಹಳೇ ಕಂಪನಿ ಪ್ಲಾನನ್ನೇ ಪೂರ್ತಿ ಪ್ರೀಮಿಯಂ ನಾವೇ ಕಟ್ಟಿ ಮುಂದುವರ್ಸೋದು. ದುಬಾರಿ, ನಿಜ. ಆದ್ರೆ ನೋಟಿಸ್ ಬಂದಮೇಲೆ ಯೋಚ್ನೆ ಮಾಡೋಕೆ 60 ದಿನ ಟೈಮ್ ಇರುತ್ತೆ, ಕೊನೇ ವಾರದಲ್ಲಿ ಹೂಂ ಅಂದ್ರೂ ಹಿಂದಿನ ತಿಂಗಳುಗಳ ಪ್ರೀಮಿಯಂ ಕಟ್ಟಿದ್ರೆ ಕವರೇಜ್ ಮೊದಲನೇ ದಿನದಿಂದಾನೇ ಲೆಕ್ಕಕ್ಕೆ ಬರುತ್ತೆ, ಆಸ್ಪತ್ರೆ ಬಿಲ್ಲಿಗೂ ಪೆನಾಲ್ಟಿಗೂ ಎರಡಕ್ಕೂ.

ಇನ್ನು ಮದುವೆ ಕೇಸು. ಹುಡುಗ ಊರಿಗೆ ಹೋಗಿ ಮದುವೆ ಆಗಿ ಒಬ್ನೇ ವಾಪಸ್ ಬರ್ತಾನೆ, ಹುಡುಗಿಗೆ ಎಚ್-4, ಅಂದ್ರೆ ಎಚ್-1ಬಿ ಇರೋರ ಹೆಂಡತಿಗೆ ಕೊಡೋ ವೀಸಾ, ಸ್ಟಾಂಪ್ ಆಗಿ ಬರೋಷ್ಟರಲ್ಲಿ ನಾಲ್ಕೈದು ತಿಂಗಳು, ಕಂಪನಿ ಪ್ಲಾನಿಗೆ ಹೆಂಡತೀನ ಸೇರ್ಸೋಕೆ ಮದುವೆ ಆದಮೇಲೆ ಸಾಮಾನ್ಯವಾಗಿ ಸಿಗೋ 30 ದಿನ ಯಾವಾಗ್ಲೋ ಮುಗಿದಿರುತ್ತೆ. ಆಗ ಮುಂದಿನ ಎನ್ರೋಲ್ಮೆಂಟ್ ತನಕ ಇರ್ಲಿ ಅಂತ ಒಂದು ವಿಸಿಟರ್ ಇನ್ಶೂರೆನ್ಸ್ ಮಾಡಿಸ್ತಾರೆ. ಅದು ಲೆಕ್ಕಕ್ಕೆ ಬರಲ್ಲ. ಊರಲ್ಲಿ ಮಾಡಿಸಿರೋ ಮೆಡಿಕ್ಲೇಮೂ ಬರಲ್ಲ, ಬರೀ ಹಲ್ಲಿಂದು ಕಣ್ಣಿಂದು ಇರೋ ಪ್ಲಾನೂ ಬರಲ್ಲ. ಅವಳು ಬರೋದಕ್ಕೆ ಮುಂಚಿನ ತಿಂಗಳುಗಳಿಗೆ ದಂಡ ಇಲ್ಲ, ಬಂದು ನೆಲೆಸಿದ ಮೇಲಿನ ತಿಂಗಳುಗಳು ಮಾತ್ರ ಜಾಯಿಂಟ್ ರಿಟರ್ನಲ್ಲಿ ಬರ್ತಾವೆ. ಹೊಸದಾಗಿ ಕ್ಯಾಲಿಫೋರ್ನಿಯಾಕ್ಕೆ ಬಂದೋರಿಗೂ ಕವರ್ಡ್ ಕ್ಯಾಲಿಫೋರ್ನಿಯಾದಲ್ಲಿ 60 ದಿನ ಅವಕಾಶ ಇದೆ, ಇದು ಗೊತ್ತಿರೋರು ಕಮ್ಮಿ.

ಅಪ್ಪ ಅಮ್ಮನ ವಿಷ್ಯ ಬೇರೆ. ಆರು ತಿಂಗಳಿಗೆ ಅಂತ ವಿಸಿಟರ್ ವೀಸಾದಲ್ಲಿ ಬಂದು ಹೋಗೋರು ಇಲ್ಲಿನ ರೆಸಿಡೆಂಟ್ ಅಲ್ಲ, ಅವರ ಬಗ್ಗೆ ತಲೆ ಕೆಡಿಸ್ಕೋಬೇಡಿ, ವಿಸಿಟರ್ ಇನ್ಶೂರೆನ್ಸ್ ಮಾತ್ರ ಮಾಡಿಸಿ. ಗ್ರೀನ್ ಕಾರ್ಡ್ ಮೇಲೆ ಬಂದು ನಿಮ್ಮ ಜೊತೇಲೇ ಇರೋರದ್ದೇ ತೊಡಕು. 65 ಆಗಿದ್ರೂ ಇಲ್ಲಿ ಕೆಲಸ ಮಾಡಿಲ್ಲದೋರು ಐದು ವರ್ಷ ಸತತ ಇದ್ದಮೇಲಷ್ಟೇ ಮೆಡಿಕೇರ್ (ವಯಸ್ಸಾದೋರ ಸರ್ಕಾರಿ ಇನ್ಶೂರೆನ್ಸ್) ಕೊಂಡ್ಕೊಳ್ಳೋಕಾಗೋದು, ನಿಮ್ಮ ಕಂಪನಿ ಪ್ಲಾನುಗಳಲ್ಲಿ ಸಾಮಾನ್ಯವಾಗಿ ಅಪ್ಪ ಅಮ್ಮನ್ನ ಸೇರ್ಸಲ್ಲ. ಟ್ಯಾಕ್ಸಲ್ಲಿ ಅವರನ್ನ ಡಿಪೆಂಡೆಂಟ್ ಅಂತ ತೋರ್ಸೋಕೆ ಆಗೋ ಹಂಗಿದ್ರೆ, ತೋರ್ಸಿದ್ರೂ ಬಿಟ್ರೂ, ಸಾಮಾನ್ಯವಾಗಿ ಅವರ ಪೆನಾಲ್ಟಿ ನಿಮ್ಮ ರಿಟರ್ನಿಗೇ ಬರುತ್ತೆ. ಡಿಪೆಂಡೆಂಟ್ ತೋರ್ಸಿ ಸಿಗೋ ಫೆಡರಲ್ ಕ್ರೆಡಿಟ್ ತಲೆಗೆ 500 ಡಾಲರ್, ಪೆನಾಲ್ಟೀಲಿ ಹೋಗೋದು ಎಷ್ಟು ಅಂತ ಮೊದಲೇ ಲೆಕ್ಕ ಹಾಕ್ಕೊಂಡಿರಿ.

ಕೆಲವರು ಕೇಳ್ತಾರೆ, ಪೆನಾಲ್ಟಿ ಕಟ್ಟಿದ್ರೆ ಆ ತಿಂಗಳಿಗೆ ಕವರೇಜ್ ಸಿಗುತ್ತಾ ಅಂತ. ಇಲ್ಲ ಸ್ವಾಮಿ, ದುಡ್ಡೂ ಹೋಯ್ತು, ಇನ್ಶೂರೆನ್ಸೂ ಇಲ್ಲ.

ಕ್ಯಾಲಿಫೋರ್ನಿಯಾದ ಟ್ಯಾಕ್ಸ್ ರಿಟರ್ನ್ ಆದ ಫಾರ್ಮ್ 540ರ 92ನೇ ಲೈನಲ್ಲಿ ವರ್ಷಪೂರ್ತಿ ಕವರೇಜ್ ಇತ್ತು ಅಂತ ಒಂದು ಬಾಕ್ಸ್ ಇದೆ. ಸಾಫ್ಟ್‌ವೇರ್ ಕೇಳಿದಾಗ ಯೋಚ್ನೆ ಮಾಡದೆ ಯೆಸ್ ಒತ್ತಬೇಡಿ, ಇನ್ಶೂರೆನ್ಸ್ ಕಂಪನಿಗಳೂ ಎಂಪ್ಲಾಯರುಗಳೂ ಫ್ರಾಂಚೈಸ್ ಟ್ಯಾಕ್ಸ್ ಬೋರ್ಡಿಗೆ (ರಾಜ್ಯದ ಆದಾಯ ತೆರಿಗೆ ಇಲಾಖೆ) ನಿಮ್ಮ ತಿಂಗಳವಾರು ಮಾಹಿತಿ ಕಳ್ಸಿರ್ತಾರೆ. ಗ್ಯಾಪ್ ಇದ್ರೆ 3853 ಫಾರ್ಮ್ ತುಂಬಿ, ಮೂರು ತಿಂಗಳ ಮಾಫಿ ಕೇಳೋದೂ ಅದರಲ್ಲೇ. ವರ್ಷದಲ್ಲಿ ಎರಡು ಸಣ್ಣ ಗ್ಯಾಪ್ ಇದ್ರೆ ಮೊದಲನೇದಕ್ಕೆ ಮಾತ್ರ ಮಾಫಿ. ಮಧ್ಯದಲ್ಲಿ ಟೆಕ್ಸಸ್ಸಿಗೆ ಶಿಫ್ಟ್ ಆಗಿದ್ರೆ ಕ್ಯಾಲಿಫೋರ್ನಿಯಾದಲ್ಲಿದ್ದ ತಿಂಗಳುಗಳಷ್ಟೇ ಲೆಕ್ಕ, ಆಗ 540 ಬದಲು 540ಎನ್ಆರ್, ಮನೆ ಖಾಲಿ ಮಾಡಿದ ತಾರೀಖಿಗೆ ಏನಾದ್ರೂ ದಾಖಲೆ ಇಟ್ಕೊಂಡಿರಿ.