ಎರಡನೇ ನಿಯಮ ಎಲ್ಲರಿಗೂ ಗೊತ್ತು, ಆರನೆಯದು?

ಕೋಡ್ ಎಲ್ಲರಿಗೂ ತೆರೆದಿಟ್ಟ ಓಪನ್ ಸೋರ್ಸ್ ಜಾಸ್ತಿ ಸುರಕ್ಷಿತವೋ, ಕೋಡ್ ಮುಚ್ಚಿಟ್ಟ ಸಾಫ್ಟ್‌ವೇರ್ ಜಾಸ್ತಿ ಸುರಕ್ಷಿತವೋ ಎನ್ನುವ ಜಗಳ ಇಂಟರ್ನೆಟ್ಟಿನಷ್ಟೇ ಹಳೆಯದು. "ಕೋಡ್ ಎಲ್ಲರಿಗೂ ಕಾಣುತ್ತೆ, ಹಾಗಾಗಿ ತಪ್ಪು ಬೇಗ ಸಿಗುತ್ತೆ" ಎಂದು ಒಬ್ಬರು. "ಕಳ್ಳನಿಗೂ ಕಾಣುತ್ತಲ್ಲ ಸ್ವಾಮಿ" ಎಂದು ಇನ್ನೊಬ್ಬರು. ಇಬ್ಬರೂ ವಾದ ಮಾಡಿ ಸುಸ್ತಾಗುವ ಹೊತ್ತಿಗೆ ಮೂರನೆಯವರು ಬಂದು "ಅದೆಲ್ಲ ಇರಲಿ, ಇದನ್ನ ನನ್ನಂಥವರು ಬಳಸೋದು ಹೇಗೆ?" ಎಂದು ಕೇಳುತ್ತಾರೆ. ಅವರಿಗೆ ಸಿಗುವ ಉತ್ತರ ಸಾಮಾನ್ಯವಾಗಿ ಒಂದೇ: ಮ್ಯಾನ್ಯುಯಲ್ ಓದಿ.

ನನ್ನ ಪ್ರಕಾರ ಆ ಮೂರೂ ಜನರಲ್ಲಿ ಸುರಕ್ಷತೆಯ ಬಗ್ಗೆ ಸರಿಯಾದ ಪ್ರಶ್ನೆ ಕೇಳಿದ್ದು ಆ ಮೂರನೆಯವರೇ.

ಇದು ನನ್ನ ಹೊಸ ಸಂಶೋಧನೆಯೇನಲ್ಲ. 1883ರಲ್ಲೇ ಒಬ್ಬರು ಹೇಳಿದ್ದರು. ಆಗಸ್ಟ್ ಕೆರ್ಕ್‌ಹಾಫ್ಸ್ ಅಂತ, ಡಚ್ ಮೂಲದ ಭಾಷಾ ಮೇಷ್ಟ್ರು, ಪ್ಯಾರಿಸ್‌ನಲ್ಲಿ ಜರ್ಮನ್ ಪಾಠ ಹೇಳುತ್ತಿದ್ದವರು. (ಜಗತ್ತಿಗೆಲ್ಲ ಒಂದೇ ಭಾಷೆ ಇರಲಿ ಎಂದು ಹುಟ್ಟುಹಾಕಿದ್ದ ವೊಲಾಪುಕ್ ಎಂಬ ಕೃತಕ ಭಾಷೆಯ ಹಿಂದೆಯೂ ಬಿದ್ದಿದ್ದರು ಪುಣ್ಯಾತ್ಮ, ಅದು ಬೇರೆ ಕಥೆ.) ಅವರು ಫ್ರೆಂಚ್ ಸೇನಾ ಪತ್ರಿಕೆಯೊಂದರಲ್ಲಿ ಗೂಢಲಿಪಿಯ ಬಗ್ಗೆ ಎರಡು ಕಂತಿನ ಲೇಖನ ಬರೆದು, ಒಳ್ಳೆಯ ಗೂಢಲಿಪಿ ಪದ್ಧತಿಗೆ ಆರು ನಿಯಮ ಹಾಕಿಕೊಟ್ಟರು. ಎರಡನೆಯದು ಹೀಗಿದೆ: ಪದ್ಧತಿಯೇ ಗುಟ್ಟಾಗಿರಬೇಕಾದ ಅಗತ್ಯ ಇರಬಾರದು, ಅದು ಶತ್ರುವಿನ ಕೈಗೆ ಸಿಕ್ಕಿದರೂ ತೊಂದರೆ ಆಗಬಾರದು. ಗುಟ್ಟಾಗಿ ಇರಬೇಕಾದದ್ದು ಸಂದೇಶವನ್ನು ಬಿಡಿಸಿ ಓದಲು ಬೇಕಾದ ಕೀಲಿ ಮಾತ್ರ. ಇವತ್ತಿನ ಕಂಪ್ಯೂಟರ್ ಸೆಕ್ಯುರಿಟಿ ನಿಂತಿರುವುದು ಇದರ ಮೇಲೆಯೇ. ಓಪನ್ ಸೋರ್ಸ್ ಪರ ವಾದ ಮಾಡುವವರೆಲ್ಲ ಇದನ್ನು ಬಾಯಿಪಾಠ ಒಪ್ಪಿಸುತ್ತಾರೆ.

ಅದೇ ಪಟ್ಟಿಯ ಆರನೇ ನಿಯಮವನ್ನು ಮಾತ್ರ ಯಾರೂ ಎತ್ತುವುದಿಲ್ಲ. ಪದ್ಧತಿ ಬಳಸಲು ಸುಲಭವಾಗಿರಬೇಕು, ಅದಕ್ಕೆ ತಲೆ ಕೆಡಿಸಿಕೊಳ್ಳಬೇಕಾಗಿ ಬರಬಾರದು, ಉದ್ದುದ್ದ ನಿಯಮಗಳ ಪಟ್ಟಿ ನೆನಪಿಟ್ಟುಕೊಳ್ಳಬೇಕಾಗಿಯೂ ಬರಬಾರದು. ಯುದ್ಧಭೂಮಿಯಲ್ಲಿ ನಿದ್ದೆಗೆಟ್ಟ ಸಿಪಾಯಿ ಬಳಸಬೇಕಾದ ವಸ್ತು ಅಲ್ವಾ, ಕಷ್ಟವಾದರೆ ಅವನು ಸುಮ್ನೆ ಸಂದೇಶವನ್ನು ಗೂಢಲಿಪಿ ಮಾಡದೆ ಇದ್ದ ಹಾಗೇ ಕಳಿಸಿಬಿಡುತ್ತಾನೆ.

ನೂರಾ ಹದಿನಾರು ವರ್ಷದ ನಂತರ ಪ್ರಯೋಗದಲ್ಲಿ ಆಗಿದ್ದೂ ಅದೇ. ಇದನ್ನು ಸ್ವಲ್ಪ ಹತ್ತಿರದಿಂದ ನೋಡೋಣ.

ಪಿಜಿಪಿ ಎಂಬ ಇಮೇಲ್ ಗೂಢಲಿಪಿ ಸಾಫ್ಟ್‌ವೇರನ್ನು ಫಿಲ್ ಝಿಮ್ಮರ್‌ಮನ್ 1991ರಲ್ಲಿ ಬರೆದರು. ಅಮೆರಿಕದಲ್ಲಿ ಆಗ ಗಟ್ಟಿ ಗೂಢಲಿಪಿ ತಂತ್ರಾಂಶವನ್ನು ಯುದ್ಧ ಸಾಮಗ್ರಿ ಎಂದೇ ಪರಿಗಣಿಸುತ್ತಿದ್ದರು, ಪರವಾನಗಿ ಇಲ್ಲದೆ ರಫ್ತು ಮಾಡುವ ಹಾಗಿರಲಿಲ್ಲ. ಆದರೆ ಪುಸ್ತಕಕ್ಕೆ ಆ ತಡೆ ಇರಲಿಲ್ಲ. ಹಾಗಾಗಿ ಐದನೇ ಆವೃತ್ತಿಯ ಸೋರ್ಸ್ ಕೋಡನ್ನು ಸಾವಿರಾರು ಪುಟಗಳ ಪುಸ್ತಕಗಳಾಗಿ ಅಚ್ಚು ಹಾಕಿಸಿ, ಯುರೋಪಿಗೆ ಕಾನೂನುಬದ್ಧವಾಗಿಯೇ ಸಾಗಿಸಿ, ಅಲ್ಲಿ ಪುಟಪುಟ ಸ್ಕ್ಯಾನ್ ಮಾಡಿ ಮತ್ತೆ ಸಾಫ್ಟ್‌ವೇರ್ ಮಾಡಿದರು! ಲೈಸೆನ್ಸ್ ಪ್ರಕಾರ ಅದು ಇವತ್ತಿನ ಅರ್ಥದ ಓಪನ್ ಸೋರ್ಸ್ ಆಗಿರಲಿಲ್ಲ ನಿಜ, ಆದರೆ ಕೋಡ್ ಬೇಕಾದವರ ಕಣ್ಣಿಗೆ ಬೀಳುವಂತಿತ್ತು. ಗಣಿತವೂ ಗಟ್ಟಿಯಾಗಿತ್ತು. ಅಂದರೆ ಎರಡನೇ ನಿಯಮಕ್ಕೆ ನೂರಕ್ಕೆ ನೂರು ಅಂಕ.

1999ರಲ್ಲಿ ಆಲ್ಮಾ ವಿಟನ್ ಮತ್ತು ಜೆ. ಡಿ. ಟೈಗರ್ ಎಂಬ ಸಂಶೋಧಕರು ಇದೇ ಪಿಜಿಪಿ 5.0 ಅನ್ನು 12 ಜನರ ಮುಂದಿಟ್ಟರು. ಎಲ್ಲರೂ ಇಮೇಲ್ ಬಳಸಿ ಪಳಗಿದವರು. ನೀವು ಚುನಾವಣಾ ಪ್ರಚಾರದ ಸ್ವಯಂಸೇವಕರು, ಅಭ್ಯರ್ಥಿಯ ಪ್ರವಾಸದ ವಿವರ ನಿಮ್ಮ ತಂಡಕ್ಕೆ ಬಿಟ್ಟು ಬೇರೆ ಯಾರಿಗೂ ತಿಳಿಯದಂತೆ ಕಳಿಸಿ, 90 ನಿಮಿಷ ಟೈಮ್ ಇದೆ ಎಂದರು. ಸರಿಯಾಗಿ ಡಿಜಿಟಲ್ ಸಹಿ ಮಾಡಿ, ಗೂಢಲಿಪಿಗೆ ತಿರುಗಿಸಿ ಕಳಿಸಿದವರು ಮೂರನೇ ಒಂದು ಭಾಗ ಮಾತ್ರ. ಮೂವರು ಗುಟ್ಟನ್ನು ಇದ್ದ ಹಾಗೇ ಮಾಮೂಲಿ ಇಮೇಲ್‌ನಲ್ಲಿ ಕಳಿಸಿಬಿಟ್ಟರು. ಅವರಲ್ಲಿ ಇಬ್ಬರಿಗೆ ಕಳಿಸಿದ ತಕ್ಷಣ ಅಯ್ಯೋ ಅನ್ನಿಸಿತು. ಇನ್ನೊಬ್ಬರು ಗೂಢಲಿಪಿ ಕೆಲಸ ಹಿಂದುಗಡೆ ತಾನಾಗೇ ಆಗಿದೆ ಎಂದುಕೊಂಡು ನಿಶ್ಚಿಂತರಾಗಿದ್ದಂತೆ ಕಂಡಿತು.

ಇನ್ನೊಂದು ತಪ್ಪು ಇದಕ್ಕಿಂತ ಸ್ವಾರಸ್ಯಕರವಾದದ್ದು. 12ರಲ್ಲಿ ಏಳು ಜನ ಸಂದೇಶವನ್ನು ತಮ್ಮದೇ ಸಾರ್ವಜನಿಕ ಕೀಲಿ ಬಳಸಿ ಗೂಢಲಿಪಿ ಮಾಡಿದರು. ಹಾಗೆ ಮಾಡಿದರೆ ಅದನ್ನು ಬಿಡಿಸಿ ಓದಲು ಆಗುವುದು ಅವರಿಗೆ ಮಾತ್ರ, ತಂಡದವರಿಗಲ್ಲ. ಯಾಕೆ ಹೀಗಾಯಿತು? ಪರದೆಯ ಮೇಲೆ ಇದ್ದದ್ದು ಕೀಲಿಕೈಯ ಚಿತ್ರ. ಕೀಲಿ ಅಂದರೆ ನಮಗೆ ಗೊತ್ತಿರುವುದು, ಹಾಕುವುದಕ್ಕೂ ತೆಗೆಯುವುದಕ್ಕೂ ಒಂದೇ. ಆದರೆ ಸಾರ್ವಜನಿಕ ಕೀಲಿ ಮಾಡುವ ಕೆಲಸ ಬೇರೆ. ನಿಮ್ಮ ಗೆಳೆಯ ಬಾಯಿ ತೆರೆದಿರುವ ಬೀಗವೊಂದನ್ನು ನಿಮಗೆ ಕೊಟ್ಟು ಹೋದ ಎಂದುಕೊಳ್ಳಿ. ಪೆಟ್ಟಿಗೆಗೆ ಹಾಕಿ ಅದುಮಿದರೆ ಸಾಕು, ಬೀಗ ಬೀಳುತ್ತದೆ. ತೆಗೆಯುವ ಕೀಲಿ ಇರುವುದು ಅವನ ಜೇಬಿನಲ್ಲಿ ಮಾತ್ರ. ಅಂದರೆ ಯಾರಿಗೆ ಕಳಿಸುತ್ತೀರೋ ಅವರ ಬೀಗವೇ ಬೇಕು. ಎರಡು ಸಾಲಿನ ಈ ವಿಷಯವನ್ನು ಪರದೆ ಎಲ್ಲೂ ಹೇಳುತ್ತಿರಲಿಲ್ಲ. ಅದಕ್ಕೇ ಪಳಗಿದ ಬಳಕೆದಾರರೂ ಎಡವಿದರು. ತಮಾಷೆ ಅಂದರೆ ಪಿಜಿಪಿ 5.0 ಅನ್ನು ಆ ಕಾಲಕ್ಕೆ ಚೆನ್ನಾಗಿರುವ ವಿನ್ಯಾಸ ಎಂದೇ ಹೊಗಳುತ್ತಿದ್ದರು.

ಇದೆಲ್ಲ ಲ್ಯಾಬಿನ ಆಟ ಎನ್ನುವವರಿಗೆ ನಿಜ ಜೀವನದ ಒಂದು ಉದಾಹರಣೆ. ಅಮೆರಿಕ ಸರ್ಕಾರದ ಗುಪ್ತ ಕಣ್ಗಾವಲನ್ನು ಆಮೇಲೆ ಬಯಲು ಮಾಡಿದ ಎಡ್ವರ್ಡ್ ಸ್ನೋಡೆನ್ 2012ರ ಡಿಸೆಂಬರಿನಲ್ಲಿ ಹೆಸರು ಹೇಳದೆ ಪತ್ರಕರ್ತ ಗ್ಲೆನ್ ಗ್ರೀನ್‌ವಾಲ್ಡ್‌ಗೆ ಇಮೇಲ್ ಬರೆದು, ಪಿಜಿಪಿ ಹಾಕಿಕೊಳ್ಳಿ, ಆಮೇಲೆ ಮಾತಾಡೋಣ ಎಂದರು. ಹಂತಹಂತವಾಗಿ ತೋರಿಸುವ ವೀಡಿಯೊ ಕೂಡ ಮಾಡಿ ಕಳಿಸಿದರು. ಗ್ರೀನ್‌ವಾಲ್ಡ್ ಆಮೇಲೆ ಮಾಡಿದರಾಯಿತು ಎಂದು ತಳ್ಳುತ್ತಾ ಹೋದರು. ಕೊನೆಗೆ ಸ್ನೋಡೆನ್ ಅದನ್ನು ಬಳಸಲು ಬರುತ್ತಿದ್ದ ಚಿತ್ರ ನಿರ್ದೇಶಕಿ ಲಾರಾ ಪಾಯಿಟ್ರಸ್ ಅವರನ್ನು ಹಿಡಿಯಬೇಕಾಯಿತು. ಆ ಕಾಲದ ಅತಿ ದೊಡ್ಡ ಸುದ್ದಿ ಒಂದು ಸಾಫ್ಟ್‌ವೇರಿನ ಕಿರಿಕಿರಿಯಿಂದ ಬಾಗಿಲಲ್ಲೇ ಕಾದು ನಿಂತಿತ್ತು.

"ಬಳಕೆದಾರರು ದಡ್ಡರಾದರೆ ನಾವೇನು ಮಾಡೋಣ" ಎಂದು ಡೆವಲಪರ್‌ಗಳು ಇಲ್ಲಿ ಕೈತೊಳೆದುಕೊಳ್ಳುವುದುಂಟು. ಹಾಗಾದರೆ ಡೆವಲಪರ್‌ಗಳೇ ಬಳಕೆದಾರರಾದಾಗ ಏನಾಯಿತು ಎಂದೂ ನೋಡಿಬಿಡಿ.

ಬ್ಯಾಂಕ್ ಸೈಟಿನಿಂದ ಹಿಡಿದು ಎಲ್ಲ ಕಡೆ ಬಳಸುವ ಓಪನ್ಎಸ್ಎಸ್ಎಲ್ ಎಂಬ ಓಪನ್ ಸೋರ್ಸ್ ಗೂಢಲಿಪಿ ಲೈಬ್ರರಿ (ಬೇರೆ ಪ್ರೋಗ್ರಾಮ್‌ಗಳು ಬಳಸಿಕೊಳ್ಳುವ ಸಿದ್ಧ ಕೋಡ್) ಇದೆ. ಡೆಬಿಯನ್ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂನವರು 2006ರಲ್ಲಿ ಅದನ್ನು ವ್ಯಾಲ್‌ಗ್ರೈಂಡ್ ಎಂಬ ತಪಾಸಣೆ ಸಾಧನಕ್ಕೆ ಕೊಟ್ಟಾಗ, ಇನ್ನೂ ಏನೂ ತುಂಬಿಸದ ಮೆಮೊರಿಯನ್ನು ಓದುತ್ತಿದೆ ಎಂಬ ಎಚ್ಚರಿಕೆ ಬರುತ್ತಿತ್ತು. ಅದಕ್ಕೆ ಕಾರಣವಾದ ಸಾಲು ಕೋಡ್‌ನಲ್ಲಿ ಎರಡು ಕಡೆ ಇತ್ತು, ನೋಡಲು ಒಂದೇ ತರ. ಒಂದನ್ನು ತೆಗೆದರೆ ನಷ್ಟವಿಲ್ಲ. ಇನ್ನೊಂದು ಇಡೀ ಯಾದೃಚ್ಛಿಕತೆ ಒಳಗೆ ಬರುವ ದಾರಿ. ಕೀಲಿ ಮಾಡಲು ಯಾರೂ ಊಹಿಸಲಾಗದ ಸಂಖ್ಯೆ ಬೇಕೆಂದರೆ ಅಲ್ಲಿಂದಲೇ ಬರಬೇಕು. ಡೆಬಿಯನ್‌ನಲ್ಲಿ ಅದನ್ನು ನೋಡಿಕೊಳ್ಳುವವರು ಓಪನ್ಎಸ್ಎಸ್ಎಲ್ ಬಳಗದಲ್ಲಿ ವಿಚಾರಿಸಿಯೇ ಎರಡನ್ನೂ ತೆಗೆದರು. ಬೇಡ ಎಂದು ಯಾರೂ ತಡೆಯಲಿಲ್ಲ.

ಆಮೇಲೆ ಉಳಿದ ಒಂದೇ ಒಂದು ಬದಲಾಗುವ ಸಂಗತಿ ಅಂದರೆ ಪ್ರೋಗ್ರಾಮಿಗೆ ಲಿನಕ್ಸ್ ಕೊಡುವ ಪ್ರೋಸೆಸ್ ನಂಬರ್. ಅದು ಹೆಚ್ಚೆಂದರೆ ಸುಮಾರು 32 ಸಾವಿರ. ಬ್ರಹ್ಮಾಂಡದ ಆಯುಷ್ಯದಲ್ಲೂ ಊಹಿಸಿ ಮುಗಿಸಲಾಗದಷ್ಟು ಕೀಲಿಗಳು ಇರಬೇಕಾದ ಜಾಗದಲ್ಲಿ ಪ್ರತಿ ಬಗೆಗೂ ಸುಮಾರು 32 ಸಾವಿರ ಕೀಲಿ ಮಾತ್ರ. ಒಂದು ಸಾಧಾರಣ ಕಂಪ್ಯೂಟರ್ ಅಷ್ಟನ್ನೂ ಮೊದಲೇ ತಯಾರು ಮಾಡಿ ಇಟ್ಟುಕೊಳ್ಳಬಹುದು. ಡೆಬಿಯನ್ ಮೇಲೆ ನಿಂತಿರುವ ಉಬುಂಟು ಎಂಬ ಇನ್ನೊಂದು ಲಿನಕ್ಸ್‌ಗೂ ಇದು ಹೋಯಿತು. 2008ರ ಮೇ ತಿಂಗಳಲ್ಲಿ ಲುಸಿಯಾನೋ ಬೆಲ್ಲೊ ಪತ್ತೆ ಹಚ್ಚುವ ತನಕ, ಹೆಚ್ಚುಕಡಿಮೆ ಒಂದು ವರ್ಷ ಎಂಟು ತಿಂಗಳು, ಆ ಸಾಲು ಇಲ್ಲದಿರುವುದು ಇಡೀ ಜಗತ್ತಿನ ಕಣ್ಣಮುಂದೆಯೇ ಇತ್ತು.

ಅಲ್ಲಿ ದಡ್ಡರು ಯಾರೂ ಇರಲಿಲ್ಲ. ಇದ್ದದ್ದು ಓದಿದರೆ ಅರ್ಥವಾಗದ ಕೋಡ್. ಆ ಸಾಲಿನ ಪಕ್ಕ "ಇದನ್ನು ಮುಟ್ಟಬೇಡಿ, ಕಾರಣ ಇದು" ಎಂದು ಒಂದು ಕಾಮೆಂಟ್ ಇದ್ದಿದ್ದರೆ ಸಾಕಿತ್ತು. ಬಾಗಿಲು ತೆರೆದಿಟ್ಟ ಮಾತ್ರಕ್ಕೆ ಒಳಗಿರುವುದು ಕಾಣುವುದಿಲ್ಲ, ದೀಪವೂ ಬೇಕು ಎಂದು ಇಂಥ ಕಡೆ ಸುಲಭವಾಗಿ ಬರೆದುಬಿಡಬಹುದು, ಆದರೆ ಆಗಿದ್ದು ಅದಕ್ಕಿಂತ ಸಪ್ಪೆ: ಕೋಡ್ ಓದಲು ಕಷ್ಟವಾದರೆ ಜನ ಓದುವುದಿಲ್ಲ, ಅಷ್ಟೇ.

ಅದೇ ಓಪನ್ಎಸ್ಎಸ್ಎಲ್‌ನಲ್ಲಿ 2014ರ ಏಪ್ರಿಲ್‌ನಲ್ಲಿ ಹಾರ್ಟ್‌ಬ್ಲೀಡ್ ಎಂಬ ದೋಷ ಸಿಕ್ಕಿತು. ಇತ್ತ ಕಡೆಯ ಕಂಪ್ಯೂಟರ್ ಒಂದು ತುಣುಕು ಮಾಹಿತಿ ಕಳಿಸಿ, ಅದರ ಉದ್ದ ಇಷ್ಟು, ವಾಪಸ್ ಕಳಿಸು ಎನ್ನುತ್ತದೆ. ಉದ್ದದ ಬಗ್ಗೆ ಸುಳ್ಳು ಹೇಳಿದರೆ ಸರ್ವರ್ ಪರೀಕ್ಷಿಸದೆ ತನ್ನ ಮೆಮೊರಿಯಲ್ಲಿ ಪಕ್ಕದಲ್ಲಿದ್ದದ್ದನ್ನೂ ಸೇರಿಸಿ ಒಂದು ಸಲಕ್ಕೆ 64 ಕಿಲೋಬೈಟ್ ತನಕ ಕೊಟ್ಟುಬಿಡುತ್ತಿತ್ತು. ಅದರಲ್ಲಿ ಪಾಸ್‌ವರ್ಡ್ ಇರಬಹುದು, ಖಾಸಗಿ ಕೀಲಿಯೂ ಇರಬಹುದು. ಎರಡು ವರ್ಷ ಹಾಗೇ ಇತ್ತು. ಇಂಟರ್ನೆಟ್ಟಿನ ಅರ್ಧ ಭಾರ ಹೊತ್ತಿದ್ದ ಆ ಪ್ರಾಜೆಕ್ಟಿಗೆ ವರ್ಷಕ್ಕೆ ಬರುತ್ತಿದ್ದ ದೇಣಿಗೆ ಸುಮಾರು 2,000 ಡಾಲರ್ ಎಂದು ಆಮೇಲೆ ಗೊತ್ತಾಯಿತು.

2024ರ ಎಕ್ಸ್‌ಝಡ್ ಪ್ರಕರಣ ಇನ್ನೂ ಕೆಟ್ಟದ್ದು. ಒಬ್ಬರೇ ಬಿಡುವಿನ ವೇಳೆಯಲ್ಲಿ ನೋಡಿಕೊಳ್ಳುತ್ತಿದ್ದ ಫೈಲುಗಳನ್ನು ಕಿರಿದು ಮಾಡುವ ಸಣ್ಣ ಕಂಪ್ರೆಷನ್ ಸಾಫ್ಟ್‌ವೇರ್ ಅದು. ಮಾನಸಿಕ ಆರೋಗ್ಯ ಸರಿಯಿಲ್ಲ ಎಂದು ಅವರು ಹೇಳಿಕೊಂಡರೂ, "ಕೆಲಸ ನಿಧಾನ, ಬೇರೆಯವರಿಗೆ ಬಿಟ್ಟುಕೊಡಿ" ಎಂದು ಕೆಲವು ಹೆಸರುಗಳು ಒತ್ತಡ ಹಾಕಿದವು. ಆ ಹೆಸರುಗಳೇ ನಕಲಿ ಎಂಬ ಶಂಕೆ ಈಗ ಇದೆ. ಸಹಾಯಕ್ಕೆ ಬಂದು ನಂಬಿಕೆ ಗಳಿಸಿದ ಜಿಯಾ ಟಾನ್ ಎಂಬ ಹೆಸರಿನವರು ಅದರಲ್ಲಿ ಗುಟ್ಟಾಗಿ ಒಳನುಗ್ಗಲು ಹಿಂಬಾಗಿಲು ಇಟ್ಟರು. ಅದು ಸಿಕ್ಕಿದ್ದು ಕೋಡ್ ಓದಿ ಅಲ್ಲ. ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ ತಮ್ಮ ಕಂಪ್ಯೂಟರಿಗೆ ಲಾಗಿನ್ ಆಗುವುದು ಸುಮಾರು ಅರ್ಧ ಸೆಕೆಂಡ್ ತಡವಾಗುತ್ತಿದೆಯಲ್ಲ ಎಂದು ತಲೆ ಕೆಡಿಸಿಕೊಂಡಿದ್ದರಿಂದ. ಕೋಡ್ ತೆರೆದಿದ್ದರಿಂದಲೇ ಅವರು ಬುಡದ ತನಕ ಹೋಗಲು ಆಯಿತು ಎನ್ನುವುದನ್ನು ಒಪ್ಪಲೇಬೇಕು. ಮುಚ್ಚಿದ ಸಾಫ್ಟ್‌ವೇರ್ ಆಗಿದ್ದರೆ ಬಹುಶಃ ಕಂಪನಿಗೆ ಒಂದು ದೂರು ಬರೆದು ಕೂರಬೇಕಿತ್ತು.

ಹಾಗಾಗಿ ನಾನು ಎರಡನೇ ನಿಯಮದ ವಿರೋಧಿಯಲ್ಲ. ಎರಡೂ ನಿಯಮ ಒಟ್ಟಿಗೆ ನಡೆದಾಗ ಏನಾಗುತ್ತದೆ ಅನ್ನುವುದಕ್ಕೆ ಲೆಟ್ಸ್ ಎನ್‌ಕ್ರಿಪ್ಟ್ ಒಳ್ಳೆಯ ಸಾಕ್ಷಿ. ಹಿಂದೆಲ್ಲ ಒಂದು ವೆಬ್‌ಸೈಟಿಗೆ ಎಚ್‌ಟಿಟಿಪಿಎಸ್ (ಬ್ರೌಸರಿಗೂ ಸೈಟಿಗೂ ನಡುವಿನ ಮಾಹಿತಿಯನ್ನು ಗೂಢಲಿಪಿ ಮಾಡುವ ವ್ಯವಸ್ಥೆ) ಹಾಕಬೇಕೆಂದರೆ ದುಡ್ಡು ಕೊಡಬೇಕು, ಅರ್ಜಿ ಫೈಲ್ ತಯಾರಿಸಬೇಕು, ಬಂದ ಸರ್ಟಿಫಿಕೇಟನ್ನು ಸರಿಯಾದ ಜಾಗದಲ್ಲಿ ಇಡಬೇಕು, ಅವಧಿ ಮುಗಿಯುವ ಮುಂಚೆ ನೆನಪಿಟ್ಟು ನವೀಕರಿಸಬೇಕು. 2015ರ ಕೊನೆಗೆ ಸರ್ಟಿಫಿಕೇಟ್ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್ ಬಂದು ಅದನ್ನು ಬಿಟ್ಟಿ ಮಾಡಿತು, ಜೊತೆಗೆ ಒಂದು ಕಮಾಂಡಿಗೆ ಇಳಿಸಿತು. ಬಿಟ್ಟಿ ಆದದ್ದಕ್ಕಿಂತ ಆ ಒಂದು ಕಮಾಂಡೇ ದೊಡ್ಡದು ಎಂದು ನನ್ನ ಲೆಕ್ಕ. ಫೈರ್‌ಫಾಕ್ಸ್ ತೆರೆಯುವ ಪುಟಗಳಲ್ಲಿ ಆಗ ನೂರಕ್ಕೆ ಸುಮಾರು 40 ಮಾತ್ರ ಎಚ್‌ಟಿಟಿಪಿಎಸ್‌ನಲ್ಲಿದ್ದವು. ಐದಾರು ವರ್ಷದಲ್ಲಿ ಅದು 80ರ ಆಸುಪಾಸಿಗೆ ಬಂತು. ಗಣಿತ ಅದೇ ಹಳೆಯದು.

ಹಾಗೆಯೇ 2016ರ ಏಪ್ರಿಲ್‌ನಲ್ಲಿ ವಾಟ್ಸಾಪ್, ಸಿಗ್ನಲ್ ಎಂಬ ಓಪನ್ ಸೋರ್ಸ್ ಮೆಸೇಜಿಂಗ್ ಆ್ಯಪ್‌ನವರ ಗೂಢಲಿಪಿ ಪ್ರೋಟೋಕಾಲನ್ನು ತನ್ನ ನೂರು ಕೋಟಿ ಬಳಕೆದಾರರಿಗೂ ಹಾಕಿಬಿಟ್ಟಿತು. ಪಿಜಿಪಿ ಇಪ್ಪತ್ತೈದು ವರ್ಷ ಹೆಣಗಿದರೂ ಮುಟ್ಟಲಾಗದ ಜನ ಒಂದು ಅಪ್‌ಡೇಟಿಗೆ ಸಿಕ್ಕಿದರು. ನಮ್ಮ ಮನೆಯ ಫ್ಯಾಮಿಲಿ ಗ್ರೂಪಿನ ಗುಡ್ ಮಾರ್ನಿಂಗ್ ಹೂಗಳೂ ಈಗ ಗೂಢಲಿಪಿಯಲ್ಲೇ ಬರುತ್ತವೆ, ಕಳಿಸುವ ದೊಡ್ಡಮ್ಮನಿಗೆ ಅದು ಗೊತ್ತಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ. ವಾಟ್ಸಾಪ್ ಆ್ಯಪ್‌ನ ಕೋಡ್ ಮುಚ್ಚಿದೆ ಎಂಬ ಆಕ್ಷೇಪ ನ್ಯಾಯವಾದದ್ದೇ. ನಡುವೆ ಬೇರೆಯವರು ಸೇರಿಕೊಂಡಿಲ್ಲ ಎಂದು ಖಾತ್ರಿ ಮಾಡಿಕೊಳ್ಳಲು ಅದರಲ್ಲಿರುವ 60 ಅಂಕಿಗಳ ಕೋಡನ್ನು ಹೋಲಿಸಿ ನೋಡುವವರನ್ನು ನಾನಂತೂ ಕಂಡಿಲ್ಲ.

ಪಾಸ್‌ವರ್ಡಿನ ಕಥೆ ನಿಮಗೇ ಗೊತ್ತು. ಆಗಾಗ ಬದಲಿಸಿ, ದೊಡ್ಡಕ್ಷರ ಹಾಕಿ, ಅಂಕಿ ಹಾಕಿ ಎಂಬ ಸಲಹೆ ತಾಂತ್ರಿಕ ಮಾನದಂಡ ರೂಪಿಸುವ ಅಮೆರಿಕದ ನಿಸ್ಟ್ ಸಂಸ್ಥೆಯ 2004ರ ಕೈಪಿಡಿಯಿಂದ ಜಗತ್ತಿಗೆಲ್ಲ ಹರಡಿತು. ಜನ ಏನು ಮಾಡಿದರು? ಮೈಸೂರು ಒಂದು, ಮುಂದಿನ ತಿಂಗಳು ಮೈಸೂರು ಎರಡು. 2017ರಲ್ಲಿ ನಿಸ್ಟ್ ತಾನೇ ಹೊಸ ಕೈಪಿಡಿಯಲ್ಲಿ ಸುಮ್ಮಸುಮ್ಮನೆ ಬದಲಾಯಿಸಲು ಹೇಳಬೇಡಿ, ಪೇಸ್ಟ್ ಮಾಡಲು ಬಿಡಿ ಎಂದಿತು. ಪೇಸ್ಟ್ ಮಾಡಲು ಬಿಡದ ಬ್ಯಾಂಕ್ ಸೈಟುಗಳಿಗೆ ಅದು ಇನ್ನೂ ತಲುಪಿಲ್ಲ.

ನಮ್ಮ ಯುಪಿಐನಲ್ಲೂ ಇದೇ ಆಯಿತು. ಹಳೇ ಸೋಫಾ ಮಾರಲು ಜಾಹೀರಾತು ಹಾಕಿದವರಿಗೆ ಫೋನ್ ಬರುತ್ತಿತ್ತು. "ಸರ್, ದುಡ್ಡು ಕಳಿಸಿದ್ದೀನಿ, ಪಿನ್ ಹಾಕಿ ಆಕ್ಸೆಪ್ಟ್ ಮಾಡಿ." ಬಂದದ್ದು ದುಡ್ಡಲ್ಲ, ದುಡ್ಡು ಕೇಳುವ ಕಲೆಕ್ಟ್ ರಿಕ್ವೆಸ್ಟ್. ಕೊಡುವಾಗ ಬರುವ ಅದೇ ಪಿನ್ ಪುಟ ಇಲ್ಲೂ ಬರುತ್ತಿತ್ತು, ಹಾಕಿದರೆ ಖಾತೆಯಿಂದ ಹಣ ಹೋಯಿತು. ಯಾರೂ ಗೂಢಲಿಪಿ ಮುರಿಯಲಿಲ್ಲ, ಸರ್ವರಿಗೆ ನುಗ್ಗಲಿಲ್ಲ. ದುಡ್ಡು ಪಡೆಯಲು ಪಿನ್ ಬೇಡ ಎಂದು ಬ್ಯಾಂಕುಗಳು ವರ್ಷಗಟ್ಟಲೆ ಎಸ್ಸೆಮ್ಮೆಸ್ ಕಳಿಸಿದವು, ಜನ ಮೋಸ ಹೋಗುತ್ತಲೇ ಇದ್ದರು. ಕೊನೆಗೆ ವ್ಯಕ್ತಿಯಿಂದ ವ್ಯಕ್ತಿಗೆ ಹೋಗುವ ಕಲೆಕ್ಟ್ ರಿಕ್ವೆಸ್ಟನ್ನೇ 2025ರ ಅಕ್ಟೋಬರ್ 1ರಿಂದ ನಿಲ್ಲಿಸಿ ಎಂದು ಯುಪಿಐ ನಡೆಸುವ ಎನ್‌ಪಿಸಿಐ ಬ್ಯಾಂಕುಗಳಿಗೂ ಆ್ಯಪ್‌ಗಳಿಗೂ ಹೇಳಿತು. ಬಳಕೆದಾರರನ್ನು ತಿದ್ದುವ ಬದಲು ಪರದೆಯನ್ನು ತಿದ್ದಲು ಇಷ್ಟು ವರ್ಷ ಯಾಕೆ ಬೇಕಾಯಿತೋ.