ಪದ ಪರಿಚಯ: ಸ್ಕ್ರಿಪ್ಟ್ ಬ್ರೇಕ್‌ಡೌನ್

ಸ್ವಂತವಾಗಿ ಹಾರರ್ ಸಿನಿಮಾ ಮಾಡಬೇಕು ಅಂತ ಹೊರಟವರು ಮೈಸೂರಿನಲ್ಲೂ ಇದ್ದಾರೆ, ಮಂಡ್ಯದಲ್ಲೂ ಇದ್ದಾರೆ. ಕಥೆ ಇರುತ್ತದೆ. ಕ್ಯಾಮೆರಾ ಹಿಡಿಯಬಲ್ಲ ಗೆಳೆಯ ಇರುತ್ತಾನೆ. ಹವ್ಯಾಸಿ ನಾಟಕ ತಂಡಗಳಲ್ಲಿ ಪಳಗಿದ ನಟರು ಸಿಗುತ್ತಾರೆ. ದುಡ್ಡು ಹಾಕುವವರು ಎದುರು ಕೂತು "ಎಷ್ಟಾಗುತ್ತೆ?" ಅಂದಾಗ ಮಾತ್ರ ತಡವರಿಕೆ ಶುರು.

"ಒಂದು 50 ಲಕ್ಷ ಆಗಬಹುದು ಸಾರ್."

"ಯಾಕೆ 50? 30ಕ್ಕೆ ಯಾಕಾಗಲ್ಲ?"

ಇದಕ್ಕೆ ಉತ್ತರ ಇರುವುದು ಸ್ಕ್ರಿಪ್ಟ್ ಬ್ರೇಕ್‌ಡೌನ್‌ನಲ್ಲಿ. ಚಿತ್ರಕಥೆಯನ್ನು ಸೀನ್ ಸೀನಾಗಿ ಬಿಡಿಸಿ, ಪ್ರತಿ ಸೀನಿಗೂ ಏನೇನು ಬೇಕು ಅಂತ ಪಟ್ಟಿ ಮಾಡುವ ಕೆಲಸ ಅದು. ಯಾವ ಜಾಗ, ಹಗಲೋ ರಾತ್ರಿಯೋ, ಒಳಗೋ ಹೊರಗೋ, ಯಾರ್ಯಾರು ಇರಬೇಕು, ಬಟ್ಟೆ, ಮೇಕಪ್, ಸಾಮಾನು, ಪ್ರಾಣಿ, ವಾಹನ, ವಿಎಫ್‌ಎಕ್ಸ್ (ಆಮೇಲೆ ಕಂಪ್ಯೂಟರಿನಲ್ಲಿ ಸೇರಿಸುವ ದೃಶ್ಯ), ಸೌಂಡ್. ಸಾಮಾನ್ಯವಾಗಿ ಅಸಿಸ್ಟೆಂಟ್ ಡೈರೆಕ್ಟರ್ ಇದನ್ನು ಮಾಡುತ್ತಾರೆ. ಸಣ್ಣ ತಂಡದಲ್ಲಿ ಕಥೆ ಬರೆದವರೇ ಎಕ್ಸೆಲ್ ಶೀಟ್ ಮುಂದೆ ಕೂರುವುದುಂಟು. ನನ್ನ ಪ್ರಕಾರ ಅದು ಬೇಡ. ತಲೆಯಲ್ಲಿ ಇರುವುದೆಲ್ಲ ಹಾಳೆ ಮೇಲೂ ಇದೆ ಅಂತ ಬರೆದವರಿಗೆ ಅನ್ನಿಸುತ್ತಿರುತ್ತದೆ. ಹೊರಗಿನವರ ಕಣ್ಣಿಗೇ ಬಿಟ್ಟುಹೋದದ್ದು ಕಾಣುವುದು.

ಒಂದು ಸೀನ್ ತೆಗೆದುಕೊಳ್ಳೋಣ:

"ಸೀನ್ 34. ಆಲೆಮನೆ. ಹೊರಗೆ. ರಾತ್ರಿ. ಕುದಿಯುವ ಕೊಪ್ಪರಿಗೆಯ ಹತ್ತಿರ ಅಜ್ಜಿ ಒಬ್ಬಳೇ. ಕಬ್ಬಿನ ಗದ್ದೆಯೊಳಗಿಂದ ಯಾರೋ ಅವಳ ಹೆಸರು ಹಿಡಿದು ಕರೆಯುತ್ತಾರೆ. ನಾಯಿ ಬೊಗಳುತ್ತದೆ. ಬಲ್ಬ್ ಆರುತ್ತದೆ. ಅಜ್ಜಿಯ ಬಿಳಿ ಸೀರೆ ಮೇಲೆ ರಕ್ತ."

ಓದುವುದಕ್ಕೆ ಅರ್ಧ ನಿಮಿಷ ಸಾಕು. ಈಗ ಬಿಡಿಸುತ್ತಾ ಹೋಗಿ. ಕೊಪ್ಪರಿಗೆ ಕುದಿಯಬೇಕಾದರೆ ಆಲೆಮನೆ ನಡೆಯುತ್ತಿರಬೇಕು. ಕಬ್ಬಿನ ಹಾಲು ಬೇಕು, ಒಲೆಗೆ ಒಣಗಿದ ಸಿಪ್ಪೆ ಬೇಕು, ಬೆಂಕಿ ಕೆಲಸದಲ್ಲಿ ಪಳಗಿದ ಆಳು ಬೇಕು. ಆ ರಾತ್ರಿ ಬೆಲ್ಲ ಇಳಿಯದಿದ್ದರೆ ಮಾಲೀಕರ ನಷ್ಟ ನಿಮ್ಮ ಲೆಕ್ಕಕ್ಕೆ. ಗದ್ದೆಯಲ್ಲಿ ಕಬ್ಬು ಆಳೆತ್ತರ ನಿಂತಿರಬೇಕು. ಅದು ಹತ್ತು ಹನ್ನೆರಡು ತಿಂಗಳ ಬೆಳೆ. ಕಟಾವಿಗೆ ಆಳು ಬಂದರೆ ರೈತ ನಿಮ್ಮ ಸಿನಿಮಾಕ್ಕೆ ಅಂತ ಕಾಯುವುದಿಲ್ಲ, ಕಾಯಲೂ ಬಾರದು. ಅರ್ಧ ಸೀನ್ ತೆಗೆದು "ಉಳಿದದ್ದು ಮುಂದಿನ ತಿಂಗಳು" ಅಂದರೆ ಅಲ್ಲಿ ಬರೀ ಕೂಳೆ ಇರುತ್ತದೆ.

ಬಲ್ಬ್ ಆರುವುದು ಪುಕ್ಕಟೆ ಅನ್ನಿಸುತ್ತದೆ, ಅಲ್ವಾ? ಆರಿದ ಮೇಲಿನ ಕತ್ತಲೆಗೇ ದುಡ್ಡು ಜಾಸ್ತಿ. ನಿಜವಾದ ಕತ್ತಲೆಯಲ್ಲಿ ಕ್ಯಾಮೆರಾಗೆ ಏನೂ ಕಾಣುವುದಿಲ್ಲ. ಬೆಳದಿಂಗಳು ಬಿದ್ದ ಹಾಗೆ ಗದ್ದೆ ಕಾಣಬೇಕು ಅಂದರೆ ದೊಡ್ಡ ಲೈಟನ್ನು ಎತ್ತರದಲ್ಲಿ ಕಟ್ಟಬೇಕು. ಅದಕ್ಕೆ ಜನರೇಟರ್, ಡೀಸೆಲ್, ಲೈಟ್‌ಮನ್‌ಗಳು, ಎಲ್ಲರಿಗೂ ರಾತ್ರಿ ಬಾಟಾ (ಭತ್ಯೆ), ನಡುರಾತ್ರಿ ಊಟ. ಜನರೇಟರ್ ಸದ್ದು ಮೈಕಿಗೆ ಬೀಳಬಾರದು ಅಂದರೆ ಅದನ್ನು ದೂರ ನಿಲ್ಲಿಸಿ ಕೇಬಲ್ ಎಳೆಯಬೇಕು. ಹಾರರ್ ಸಿನಿಮಾ ಕಡಿಮೆ ಖರ್ಚಿನಲ್ಲಿ ಆಗುತ್ತದೆ ಅನ್ನುವವರು ಈ ಸಾಲನ್ನು ಲೆಕ್ಕಕ್ಕೆ ತೆಗೆದುಕೊಂಡಿರುವುದಿಲ್ಲ.

ಸೀರೆ ಒಂದಲ್ಲ, ಒಂದೇ ಥರದ ಕನಿಷ್ಠ ಮೂರು. ರಕ್ತ ಚೆಲ್ಲಿದ ಮೇಲೆ ರೀಟೇಕ್ ಆದರೆ ಒಗೆದು ಒಣಗಿಸುವವರೆಗೆ ಯೂನಿಟ್ ಕಾಯಲಾಗದು. ಮೈಸೂರಿನ ಅಂಗಡಿಗೆ ಮತ್ತೆ ಹೋದರೆ ಅದೇ ಅಂಚಿನ ಸೀರೆ ಸಿಗುವ ಖಾತ್ರಿಯೂ ಇಲ್ಲ. ಇನ್ನು ನಾಯಿ. ಊರ ನಾಯಿಯನ್ನೇ ಸುಮ್ನೆ ಕಟ್ಟಿ ನಿಲ್ಲಿಸುತ್ತೇವೆ ಅನ್ನಬೇಡಿ. ಸಿನಿಮಾದಲ್ಲಿ ಪ್ರಾಣಿ ಬಳಸಲು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ ಅನುಮತಿಯನ್ನು ಶೂಟಿಂಗ್‌ಗೆ ಮುಂಚೆಯೇ ಪಡೆಯಬೇಕು. ನಾಯಿ ಕಾಣದೆ ಬೊಗಳುವ ಸದ್ದು ಮಾತ್ರ ಕೇಳಿದರೆ ಸಾಲದೇ? ಬಹಳ ಸಲ ಸಾಲುತ್ತದೆ, ಇನ್ನೂ ಹೆಚ್ಚು ಹೆದರಿಸುತ್ತದೆ ಕೂಡ. ಬ್ರೇಕ್‌ಡೌನ್ ಮಾಡುವಾಗಲೇ ಕಥೆ ಹೀಗೆ ತಿದ್ದಿಕೊಳ್ಳುತ್ತದೆ. ನನಗೆ ಇದರಲ್ಲಿ ಇಷ್ಟವಾಗುವುದೂ ಅದೇ.

ರಕ್ತ ಎಷ್ಟು ಅನ್ನುವುದಕ್ಕೂ ಒಂದು ಕಾಲಂ ಇಟ್ಟುಕೊಳ್ಳಿ. ಸೆನ್ಸಾರ್‌ನಲ್ಲಿ 'ಎ' (ವಯಸ್ಕರಿಗೆ ಮಾತ್ರ) ಬಂದರೆ ಆ ಸಿನಿಮಾವನ್ನು ಹಾಗೇ ಟಿವಿಯಲ್ಲಿ ತೋರಿಸುವಂತಿಲ್ಲ. ಕತ್ತರಿಸಿ ಬೇರೆ ಸರ್ಟಿಫಿಕೇಟ್ ತರಬೇಕು. ಯುಎ (ಮಕ್ಕಳು ನೋಡಬಹುದು, ಆದರೆ ಪೋಷಕರ ಮಾರ್ಗದರ್ಶನ ಇರಲಿ ಅನ್ನುವ ಸರ್ಟಿಫಿಕೇಟ್) ಈಗ 7, 13, 16 ಅಂತ ಮೂರು ವಯಸ್ಸಿನ ಹಂತಗಳಲ್ಲಿ ಸಿಗುತ್ತದೆ. ಟಿವಿ ಹಕ್ಕಿನಿಂದ ದುಡ್ಡು ವಾಪಸ್ ಬರುತ್ತದೆ ಅಂತ ಲೆಕ್ಕ ಹಾಕಿದ್ದರೆ ಈ ಯೋಚನೆ ಚಿತ್ರಕಥೆಯ ಹಂತದಲ್ಲೇ ಆಗಬೇಕು.

ಎಲ್ಲ ಸೀನೂ ಬಿಡಿಸಿದ ಮೇಲೆ ಒಂದೇ ಜಾಗದ ಸೀನ್‌ಗಳನ್ನು ಒಟ್ಟಿಗೆ ಸೇರಿಸಿದರೆ ಶೆಡ್ಯೂಲ್. ದಿನಗಳನ್ನು ದಿನದ ಖರ್ಚಿನಿಂದ ಗುಣಿಸಿದರೆ ಬಜೆಟ್. ಅದರ ಮೇಲೆ ಶೇ. 10ರಷ್ಟು ಆಪತ್ತಿಗೆ ಅಂತ ಸೇರಿಸುವುದು ರೂಢಿ. ಮಳೆ ನೋಡಿದವರಿಗೆ ಕಾರಣ ಹೇಳಬೇಕಿಲ್ಲ.

ಕಾಗದಪತ್ರದ ವಿಷಯ ಚುಟುಕಾಗಿ. ಟೈಟಲ್ ಅನ್ನು ಬೆಂಗಳೂರಿನ ಫಿಲ್ಮ್ ಚೇಂಬರ್‌ನಲ್ಲಿ ನೋಂದಾಯಿಸಿ. ಶ್ರೀರಂಗಪಟ್ಟಣದ ದರಿಯಾ ದೌಲತ್ ಥರದ ಜಾಗ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ. ಊರಿನವರ ಪರಿಚಯ ಅಲ್ಲಿ ಕೆಲಸಕ್ಕೆ ಬರುವುದಿಲ್ಲ, ಅನುಮತಿಯೇ ಬೇಕು. ಕಥೆ ಗೆಳೆಯನದ್ದಾದರೆ ಬರಹದಲ್ಲಿ ಹಕ್ಕು ಬರೆಸಿಕೊಳ್ಳಿ. ಅವಧಿ ನಮೂದಿಸದಿದ್ದರೆ 1957ರ ಕಾಪಿರೈಟ್ ಕಾಯ್ದೆ ಪ್ರಕಾರ ಆ ಹಕ್ಕು 5 ವರ್ಷಕ್ಕೆ ಮಾತ್ರ. ಯಾವ ಊರು-ದೇಶಕ್ಕೆ ಹಕ್ಕು ಅಂತ ಹೇಳದಿದ್ದರೆ ಭಾರತಕ್ಕೆ ಮಾತ್ರ.

ದುಡ್ಡು ಒಬ್ಬ ನಿರ್ಮಾಪಕರಿಂದಲೇ ಬರಬೇಕಿಲ್ಲ. 1976ರಲ್ಲಿ ಗುಜರಾತಿನ 5 ಲಕ್ಷ ಹಾಲು ಉತ್ಪಾದಕರು ತಲಾ 2 ರೂಪಾಯಿ ಹಾಕಿ 'ಮಂಥನ್' ಸಿನಿಮಾ ಆಯಿತು. ನಮ್ಮಲ್ಲೇ 2013ರ 'ಲೂಸಿಯಾ'ಕ್ಕೆ ಪ್ರೇಕ್ಷಕರು ದುಡ್ಡು ಹಾಕಿದರು. ಆದರೆ ಪ್ರೈವೇಟ್ ಕಂಪನಿ ಮಾಡಿ ಷೇರು ಕೊಡುವುದಾದರೆ ವರ್ಷಕ್ಕೆ 200 ಜನರನ್ನು ಮೀರಿ ಕೇಳುವಂತಿಲ್ಲ. ಫೇಸ್‌ಬುಕ್‌ನಲ್ಲಿ "ಷೇರು ತಗೊಳ್ಳಿ" ಅಂತ ಊರಿಗೆಲ್ಲ ಸಾರುವ ಮುಂಚೆ ಆಡಿಟರ್ ಹತ್ತಿರ ಒಂದು ಮಾತು ಕೇಳಿ.

ದುಡ್ಡು ಹಾಕುವವರಿಗೆ ಶೀಟಿನ ಜೊತೆ ಒಂದು ಸ್ಯಾಂಪಲ್ಲನ್ನೂ ತೋರಿಸಬೇಕಾಗುತ್ತದೆ. ಅಮೆರಿಕದ ನಿರ್ದೇಶಕ ಸ್ಯಾಮ್ ರೈಮಿ 1978ರಲ್ಲಿ 'ವಿದಿನ್ ದ ವುಡ್ಸ್' ಅನ್ನುವ ಅರ್ಧ ಗಂಟೆಯ ಚಿತ್ರ ತೆಗೆದು, ಅದನ್ನು ತೋರಿಸಿಯೇ 'ದಿ ಈವಿಲ್ ಡೆಡ್' ಅನ್ನುವ ಹಾರರ್ ಸಿನಿಮಾಕ್ಕೆ ದುಡ್ಡು ಎತ್ತಿದ್ದು. ನಿಮ್ಮ ಸ್ಯಾಂಪಲ್‌ಗೆ ಸೀನ್ 34 ಆರಿಸಬೇಡಿ. ಬ್ರೇಕ್‌ಡೌನ್ ಶೀಟ್‌ನಲ್ಲಿ ಕಾಲಂಗಳು ಅತಿ ಹೆಚ್ಚು ಖಾಲಿ ಇರುವ ಸೀನ್ ಯಾವುದು ನೋಡಿ: ಒಂದು ಕೋಣೆ, ಒಬ್ಬ ನಟಿ, ಒಂದು ಸದ್ದು. ಅದರಲ್ಲಿ ಹೆದರಿಕೆ ಹುಟ್ಟಿದರೆ ಅದನ್ನೇ ತೆಗೆಯಿರಿ.