ಮೂಗಿಗಿಂತ ಮೂಗುತಿ ಭಾರ: ಅಣು, ಕಲ್ಲಿದ್ದಲು ಮತ್ತು ಎರಡು ಖಾತೆಗಳು

ಅಣು ವಿದ್ಯುತ್ ಮತ್ತು ಕಲ್ಲಿದ್ದಲು ವಿದ್ಯುತ್‌ಗಳಲ್ಲಿ ಯಾವುದು ಅಗ್ಗ, ಯಾವುದು ಸುರಕ್ಷಿತ ಎಂಬ ಜಗಳಕ್ಕೆ ಎಪ್ಪತ್ತು ವರ್ಷ ತುಂಬಿದೆ. ಒಬ್ಬರು ಚೆರ್ನೋಬಿಲ್‌ನ ಅಣು ದುರಂತ ಎಂದರೆ ಇನ್ನೊಬ್ಬರು ಗಣಿ ಕಾರ್ಮಿಕರ ಕಪ್ಪಿಟ್ಟ ಶ್ವಾಸಕೋಶ ಎನ್ನುತ್ತಾರೆ. ಒಬ್ಬರು ಎಂದೋ ಸಾಲ ತೀರಿದ ಹಳೆಯ ಸ್ಥಾವರದ ದರ ತೋರಿಸಿದರೆ ಇನ್ನೊಬ್ಬರು ಮೊನ್ನೆ ಮೊನ್ನೆ ಮುಗಿದ ಸ್ಥಾವರದ ದರ ಮುಂದಿಡುತ್ತಾರೆ. ವಿಚಿತ್ರವೆಂದರೆ ಇಬ್ಬರ ಅಂಕಿಗಳೂ ಬಹುಮಟ್ಟಿಗೆ ಸರಿ. ಈ ಸಿಕ್ಕು ಬಿಡಿಸಬೇಕಾದರೆ ಯಾವ ಖರ್ಚನ್ನು ಯಾವಾಗ, ಯಾರ ಖಾತೆಗೆ ಬರೆದರು ಎಂಬುದನ್ನು ಹಿಂದಿನಿಂದ ನೋಡಿಕೊಂಡು ಬರಬೇಕು.

ಯಂತ್ರಗಳ ಮಟ್ಟಿಗೆ ಇವೆರಡೂ ಅಣ್ಣತಮ್ಮಂದಿರು. ನೀರು ಕಾಯಿಸುವುದು, ಆವಿಯಿಂದ ಟರ್ಬೈನ್ ತಿರುಗಿಸುವುದು, ಅಷ್ಟೇ. ವ್ಯತ್ಯಾಸವೆಲ್ಲ ಒಲೆಯಲ್ಲಿ. ಒಂದು ಸಾವಿರ ಮೆಗಾವಾಟ್‌ನ ಶಾಖೋತ್ಪನ್ನ ಸ್ಥಾವರ ವರ್ಷಕ್ಕೆ ಸುಮಾರು 30 ಲಕ್ಷ ಟನ್ ಕಲ್ಲಿದ್ದಲು ತಿನ್ನುತ್ತದೆ, ಅಂದರೆ ದಿನಕ್ಕೆ ಎಂಟು ಸಾವಿರ ಟನ್. ಅಷ್ಟೇ ಗಾತ್ರದ ಅಣು ಸ್ಥಾವರಕ್ಕೆ ಇಡೀ ವರ್ಷಕ್ಕೆ 25ರಿಂದ 30 ಟನ್ ಯುರೇನಿಯಂ ಇಂಧನ ಸಾಕು. ಕೆಲವು ಲಾರಿಗಳಲ್ಲಿ ತಂದು ಮುಗಿಸಬಹುದು. ಹಾಗಾಗಿ ಕಲ್ಲಿದ್ದಲಿನ ಖರ್ಚು ದಿನಗೂಲಿಯಂತೆ, ಉರಿಸಿದಷ್ಟು ದಿನವೂ ಕೊಡುತ್ತಲೇ ಇರಬೇಕು. ಅಣುವಿನ ಖರ್ಚಿನ ಬಹುಪಾಲು ಮೊದಲ ಯುನಿಟ್ ವಿದ್ಯುತ್ ಹುಟ್ಟುವ ಮೊದಲೇ ಸುರಿದು ಹೋಗಿರುತ್ತದೆ. ಮುಂದಿನ ಕಥೆಯೆಲ್ಲ ಈ ಒಂದು ಭೇದದಿಂದ ಹುಟ್ಟಿದ್ದು.

1882ರಲ್ಲಿ ಲಂಡನ್ನಿನಲ್ಲೂ ನ್ಯೂಯಾರ್ಕಿನಲ್ಲೂ ಎಡಿಸನ್ನನ ಸ್ಥಾವರಗಳು ದೀಪ ಬೆಳಗಿಸಿದಂದಿನಿಂದ ಮುಂದಿನ ಎಪ್ಪತ್ತು ವರ್ಷ ಕಲ್ಲಿದ್ದಲೇ ದೊರೆ. ಗಣಿಯಲ್ಲಿ ಸತ್ತವರ ಲೆಕ್ಕ ಗಣಿಯಲ್ಲೇ ಉಳಿಯಿತು. 1906ರಲ್ಲಿ ಫ್ರಾನ್ಸಿನ ಕೂರಿಯೇರ್ ಗಣಿಯಲ್ಲಿ ಒಂದೇ ದಿನ 1,099 ಮಂದಿ ಸತ್ತಾಗಲೂ ಅದರಿಂದ ಯಾರೂ ವಿದ್ಯುತ್ ದೀಪಕ್ಕೆ ಹೆದರಲಿಲ್ಲ. ಹೊಗೆಯ ಲೆಕ್ಕ ಮೊದಲ ಬಾರಿ ಎದ್ದು ಕಂಡದ್ದು 1952ರ ಡಿಸೆಂಬರ್‌ನಲ್ಲಿ, ಲಂಡನ್ನಿನ ಮೇಲೆ ಐದು ದಿನ ಕವುಚಿ ಕುಳಿತ ಹೊಗೆಮಂಜಿನಲ್ಲಿ. ಮನೆಯ ಒಲೆಗಳು ಮತ್ತು ನಗರದೊಳಗಿನ ವಿದ್ಯುತ್ ಸ್ಥಾವರಗಳು ಸೇರಿ ಮಾಡಿದ ಕೆಲಸ ಅದು. ಆಗ ಹೇಳಿದ್ದು ನಾಲ್ಕು ಸಾವಿರ ಸಾವು. ಮುಂದೆ ಸಂಶೋಧಕರು ಹನ್ನೆರಡು ಸಾವಿರದವರೆಗೂ ಎಣಿಸಿದರು. ನಂತರದ ವರ್ಷಗಳಲ್ಲಿ ಸ್ಥಾವರಗಳ ಚಿಮಣಿಗಳು ಎತ್ತರಕ್ಕೆ ಬೆಳೆದವು. ಹೊಗೆ ಊರು ಬಿಟ್ಟು ಸಮುದ್ರ ದಾಟಿತು, ಸ್ಕ್ಯಾಂಡಿನೇವಿಯಾದ ಕೆರೆಗಳಲ್ಲಿ ಆಮ್ಲ ಮಳೆಯಾಗಿ ಇಳಿಯಿತು. ಖರ್ಚು ಅಳಿಯಲಿಲ್ಲ, ಅದರ ವಿಳಾಸ ಬದಲಾಯಿತು.

ಅಣುವಿನ ಪ್ರವೇಶವಾದದ್ದು ಅದೇ ಹೊತ್ತಿಗೆ. 1954ರಲ್ಲಿ ಸೋವಿಯತ್ ಒಬ್ನಿನ್ಸ್ಕ್, 1956ರಲ್ಲಿ ಬ್ರಿಟನ್ನಿನ ಕಾಲ್ಡರ್ ಹಾಲ್. ಕಾಲ್ಡರ್ ಹಾಲ್‌ನ ಮುಖ್ಯ ಕಸುಬು ಬಾಂಬಿಗೆ ಪ್ಲುಟೋನಿಯಂ ಮಾಡುವುದಾಗಿತ್ತು. ವಿದ್ಯುತ್ ಅದರ ಜೊತೆಗೆ ಸಿಕ್ಕಿದ್ದು. ಆಗಿನ ಅಣು ವಿದ್ಯುತ್ತಿನ ನಿಜವಾದ ಬೆಲೆ ಎಷ್ಟೆಂದು ಕೇಳುವುದೇ ಕಷ್ಟವಾಗಿತ್ತು, ಅರ್ಧ ಲೆಕ್ಕ ಸೇನೆಯ ಖಾತೆಯಲ್ಲಿತ್ತು. 1954ರಲ್ಲಿ ಅಮೆರಿಕದ ಪರಮಾಣು ಶಕ್ತಿ ಆಯೋಗದ ಅಧ್ಯಕ್ಷ ಲೂಯಿಸ್ ಸ್ಟ್ರಾಸ್, ಮೀಟರ್ ಹಾಕಿ ಅಳೆಯುವ ಅಗತ್ಯವೇ ಇಲ್ಲದಷ್ಟು ಅಗ್ಗದ ವಿದ್ಯುತ್ತನ್ನು ಮುಂದಿನ ಪೀಳಿಗೆ ಕಾಣಲಿದೆ ಎಂದರು. ಆ ಮಾತು ಅಣು ಉದ್ಯಮದ ಕೊರಳಿಗೆ ಇಂದಿಗೂ ನೇತುಬಿದ್ದಿದೆ. ಅರವತ್ತರ ದಶಕದಲ್ಲಿ ತಯಾರಕರು ಒಪ್ಪಿದ ಬೆಲೆಗೆ ಕಟ್ಟಿ ಕೀಲಿಕೈ ಕೊಡುವ ಗುತ್ತಿಗೆಗಳನ್ನು ಹಿಡಿದರು. ಅವುಗಳಲ್ಲಿ ಅವರಿಗೆ ಭಾರಿ ನಷ್ಟವೇ ಆಯಿತು. ಆದರೆ ಕೊಂಡವರು ಮಾತ್ರ ಅದನ್ನೇ ನಿಜವಾದ ಬೆಲೆ ಎಂದು ನಂಬಿ ಸಾಲು ಸಾಲು ಬೇಡಿಕೆ ಸಲ್ಲಿಸಿದರು.

ಇಲ್ಲಿಂದ ಮುಂದಿನ ಹತ್ತು ವರ್ಷಗಳಲ್ಲಿ ಸ್ವಲ್ಪ ನಿಲ್ಲಬೇಕು. ಅಣು ದುಬಾರಿ ಎಂಬ ಮಾತು ಹುಟ್ಟಿದ್ದೇ ಇಲ್ಲಿ, ಅದೂ ಒಂದು ಮೇಣದಬತ್ತಿಯ ಸುತ್ತ ಎಂದರೆ ತೀರಾ ಉತ್ಪ್ರೇಕ್ಷೆಯಲ್ಲ.

1975ರ ಮಾರ್ಚ್ 22. ಅಮೆರಿಕದ ಅಲಬಾಮಾದ ಬ್ರೌನ್ಸ್ ಫೆರ್ರಿ ಸ್ಥಾವರದಲ್ಲಿ ಎರಡು ರಿಯಾಕ್ಟರ್‌ಗಳು, ಅಂದರೆ ಅಣು ಒಲೆಗಳು, ಓಡುತ್ತಿವೆ. ನಿಯಂತ್ರಣ ಕೊಠಡಿಯ ಕೆಳಗೆ, ಕೇಬಲ್‌ಗಳು ಗೋಡೆ ದಾಟುವ ತೂತುಗಳಲ್ಲಿ ಗಾಳಿ ಸೋರುತ್ತಿದೆಯೇ ಎಂದು ಕೆಲಸಗಾರರು ಪರೀಕ್ಷಿಸುತ್ತಿದ್ದಾರೆ. ಪರೀಕ್ಷೆಗೆ ಬಳಸುತ್ತಿದ್ದ ಸಾಧನ ಉರಿಯುವ ಮೇಣದಬತ್ತಿ. ಜ್ವಾಲೆ ಬಾಗಿದರೆ ಅಲ್ಲಿ ಸೋರಿಕೆ ಇದೆ ಎಂದರ್ಥ. ಜ್ವಾಲೆ ಬಾಗಿತು; ತೂತಿಗೆ ತುಂಬಿದ್ದ ಫೋಮ್ ಹೊತ್ತಿಕೊಂಡಿತು. ಬೆಂಕಿ ಏಳು ತಾಸು ಉರಿದು ಸಾವಿರದ ಆರುನೂರಕ್ಕೂ ಹೆಚ್ಚು ಕೇಬಲ್‌ಗಳನ್ನು ಸುಟ್ಟಿತು. ಒಂದು ಕೆಟ್ಟರೆ ಇನ್ನೊಂದು ಇರಲಿ ಎಂದು ಎರಡೆರಡು ಹಾಕಿದ್ದ ವ್ಯವಸ್ಥೆಗಳ ತಂತಿಗಳು ಒಂದೇ ತೂತಿನಲ್ಲಿ ಹಾದುಹೋಗಿದ್ದವು ಎಂಬುದು ಆಗ ಹೊಳೆಯಿತು. ವಿದ್ಯುತ್ ತಂತಿಗಳ ಮೇಲೆ ನೀರು ಹಾಕಬಹುದೇ ಎಂಬ ಅನುಮಾನದಲ್ಲೇ ಗಂಟೆಗಳು ಕಳೆದವು. ಕೊನೆಗೆ ನೀರು ಹಾಕಿದಾಗ ಬೆಂಕಿ ಆರಿತು. ಯಾರೂ ಸಾಯಲಿಲ್ಲ, ವಿಕಿರಣವೂ ಹೊರಗೆ ಹರಡಲಿಲ್ಲ. ಆದರೆ ತಂತಿಗಳನ್ನು ಬೇರೆ ಬೇರೆ ದಾರಿಯಲ್ಲಿ ಒಯ್ಯಬೇಕು, ನಡುವೆ ಬೆಂಕಿ ತಡೆಯುವ ಗೋಡೆ ಇರಬೇಕು ಎಂಬ ನಿಯಮಗಳು ಬಂದವು. ನಿಯಮ ಸರಿಯೇ. ಕಷ್ಟವೆಂದರೆ ಅರ್ಧ ಕಟ್ಟಿ ನಿಂತಿದ್ದ ಸ್ಥಾವರಗಳಲ್ಲಿ ಹಾಕಿದ್ದ ತಂತಿ ಕಿತ್ತು, ಎರೆದ ಕಾಂಕ್ರೀಟ್ ಕೊರೆದು ಮತ್ತೆ ಕಟ್ಟಬೇಕಾಯಿತು.

ನಾಲ್ಕು ವರ್ಷದ ಮೇಲೆ, 1979ರ ಮಾರ್ಚ್ 28ರ ಬೆಳಗಿನ ಜಾವ ನಾಲ್ಕಕ್ಕೆ, ಪೆನ್ಸಿಲ್ವೇನಿಯಾದ ತ್ರೀ ಮೈಲ್ ಐಲ್ಯಾಂಡ್‌ನ ಎರಡನೇ ಘಟಕದಲ್ಲಿ ಒತ್ತಡ ಇಳಿಸುವ ಕವಾಟವೊಂದು ತೆರೆದುಕೊಂಡು, ಮುಚ್ಚಬೇಕಾದಾಗ ಮುಚ್ಚಲಿಲ್ಲ. ನಿಯಂತ್ರಣ ಫಲಕದ ದೀಪ ಮಾತ್ರ ಆರಿತ್ತು. ಆ ದೀಪ ಹೇಳುತ್ತಿದ್ದದ್ದು ಕವಾಟಕ್ಕೆ ಮುಚ್ಚಿಕೊ ಎಂಬ ಸಂಕೇತ ಹೋಗಿದೆ ಎಂದಷ್ಟೇ. ಕವಾಟ ನಿಜವಾಗಿ ಮುಚ್ಚಿದೆಯೇ ಎಂದು ಹೇಳುವ ಬುದ್ಧಿ ಅದಕ್ಕಿರಲಿಲ್ಲ. ನೂರಕ್ಕೂ ಹೆಚ್ಚು ಎಚ್ಚರಿಕೆಯ ಗಂಟೆಗಳು ಒಟ್ಟಿಗೆ ಹೊಡೆದುಕೊಳ್ಳುತ್ತಿದ್ದವು. ಅವನ್ನು ಅಚ್ಚು ಹಾಕುವ ಕಂಪ್ಯೂಟರ್ ಪ್ರಿಂಟರ್ ಗಂಟೆಗೂ ಮೀರಿ ಹಿಂದೆ ಬಿದ್ದು, ಎಂದೋ ಆಗಿಹೋದದ್ದನ್ನು ಕುಟ್ಟುತ್ತಿತ್ತು. ನೀರು ಜಾಸ್ತಿಯಾಗಿದೆ ಎಂದು ಭಾವಿಸಿದ ಸಿಬ್ಬಂದಿ ತಂಪಿಸುವ ನೀರನ್ನೇ ಕಡಿಮೆ ಮಾಡಿದರು. ಕವಾಟ ಎರಡು ತಾಸಿಗೂ ಹೆಚ್ಚು ಕಾಲ ಬಾಯಿ ತೆರೆದೇ ಇತ್ತು. ಒಳಗಿನ ಇಂಧನದ ಸುಮಾರು ಅರ್ಧ ಕರಗಿತು.

ಹೊರಗಿನ ದಪ್ಪ ಕವಚ ತನ್ನ ಕೆಲಸ ಮಾಡಿತು. ಸುತ್ತಲಿನ ಜನರಿಗೆ ತಗುಲಿದ ವಿಕಿರಣ ಸರಾಸರಿಯಲ್ಲಿ ಒಂದು ಎದೆಯ ಎಕ್ಸ್‌ರೇಯಷ್ಟು. ಆದರೆ ಐದು ಮೈಲಿಯೊಳಗಿನ ಗರ್ಭಿಣಿಯರು ಮತ್ತು ಸಣ್ಣ ಮಕ್ಕಳು ಅಲ್ಲಿಂದ ಹೊರಡಲಿ ಎಂಬ ಸಲಹೆ ಹೊರಬಿದ್ದ ಮೇಲೆ ಒಂದು ಲಕ್ಷಕ್ಕೂ ಹೆಚ್ಚು ಜನ ಊರು ಬಿಟ್ಟರು. ಎಕ್ಸ್‌ರೇಯ ಹೋಲಿಕೆಯಿಂದ ಅವರನ್ನು ಸಮಾಧಾನ ಮಾಡಲಾಗುತ್ತಿತ್ತು ಎಂದು ನನಗನ್ನಿಸುವುದಿಲ್ಲ. ಮೂರು ದಿನ ಮೂರು ಬಾಯಿಯಿಂದ ಮೂರು ಮಾತು ಕೇಳಿದವರಿಗೆ ಅಂಕಿಗಳಲ್ಲಿ ನಂಬಿಕೆ ಉಳಿದಿರುವುದಿಲ್ಲ.

ಇದಿಷ್ಟನ್ನೇ ಕೇಳಿದವರು ಅಪಘಾತವೇ ಅಣುವನ್ನು ದುಬಾರಿ ಮಾಡಿತು ಎಂದುಕೊಳ್ಳುತ್ತಾರೆ. ಆದರೆ ಅಮೆರಿಕದಲ್ಲಿ ಬೇಡಿಕೆಗಳು ರದ್ದಾಗತೊಡಗಿದ್ದು ಅದಕ್ಕೂ ಮೊದಲೇ. 1973ರ ತೈಲ ಬಿಕ್ಕಟ್ಟಿನವರೆಗೆ ವಿದ್ಯುತ್ ಬಳಕೆ ವರ್ಷಕ್ಕೆ ಶೇಕಡಾ ಏಳರಂತೆ ಏರಿ ಹತ್ತು ವರ್ಷಕ್ಕೊಮ್ಮೆ ದುಪ್ಪಟ್ಟಾಗುತ್ತಿತ್ತು. ಆ ಏರಿಕೆ ನಿಂತಿತು. ಕೊಳ್ಳುವವರೇ ಕಾಣದ ವಿದ್ಯುತ್ತಿಗಾಗಿ ದೈತ್ಯ ಸ್ಥಾವರಗಳು ಅರ್ಧ ಎದ್ದು ನಿಂತಿದ್ದವು. ಜೊತೆಗೆ ಬಡ್ಡಿ. 1980ರ ಕೊನೆಗೆ ಅಲ್ಲಿನ ಬ್ಯಾಂಕುಗಳ ಮೂಲ ದರ ಶೇಕಡಾ 20 ದಾಟಿತ್ತು. ಶೇಕಡಾ 12ರಂತೆ ಹಿಡಿದರೂ ಚಕ್ರಬಡ್ಡಿಯಲ್ಲಿ ಸಾಲ ಆರು ವರ್ಷಕ್ಕೆ ದುಪ್ಪಟ್ಟಾಗುತ್ತದೆ. ಆರು ವರ್ಷದಲ್ಲಿ ಮುಗಿಯಬೇಕಾದ ಕಟ್ಟಡ ಹನ್ನೆರಡಕ್ಕೆ ಎಳೆದರೆ ಮೊದಲ ದಿನ ಸುರಿದ ಒಂದು ಡಾಲರ್ ನಾಲ್ಕರ ಸನಿಹ ಬಂದಿರುತ್ತದೆ. ಮೂಗಿಗಿಂತ ಮೂಗುತಿ ಭಾರವಾದದ್ದು ಹೀಗೆ. ಅದೇ ಕಾಲದಲ್ಲಿ ಕಲ್ಲಿದ್ದಲು ಸ್ಥಾವರಗಳಿಗೂ ಗಂಧಕ ಹಿಡಿಯುವ ಯಂತ್ರ ಕಡ್ಡಾಯವಾಗಿ ಅವೂ ದುಬಾರಿಯಾದವು. ಆದರೆ ಅವನ್ನು ಬೇಗ ಕಟ್ಟಿ ಮುಗಿಸಬಹುದಿತ್ತು, ಬಡ್ಡಿಯ ಹೊಡೆತ ಅಷ್ಟಾಗಿ ತಟ್ಟಲಿಲ್ಲ.

1983ರಲ್ಲಿ ವಾಷಿಂಗ್ಟನ್ ರಾಜ್ಯದ ಐದು ಸ್ಥಾವರಗಳ ಯೋಜನೆ 225 ಕೋಟಿ ಡಾಲರ್ ಬಾಂಡ್ ಸಾಲ ತೀರಿಸಲಾಗದೆ ಕೈಚೆಲ್ಲಿತು. ಐದರಲ್ಲಿ ಪೂರ್ಣವಾದದ್ದು ಒಂದೇ. ನ್ಯೂಯಾರ್ಕಿನ ಶೋರ್‌ಹ್ಯಾಮ್ ಸ್ಥಾವರದ್ದು ಇನ್ನೂ ವಿಚಿತ್ರ. ಏಳು ಕೋಟಿ ಡಾಲರ್ ಆಸುಪಾಸು ಎಂದು ಶುರುವಾದದ್ದು ಐನೂರು ಕೋಟಿ ದಾಟಿ ಕಟ್ಟಿ ಮುಗಿಯಿತು. ಅಪಘಾತವಾದರೆ ಲಾಂಗ್ ಐಲ್ಯಾಂಡ್‌ನ ಜನರನ್ನು ಹೊರಗೆ ಸಾಗಿಸುವುದು ಸಾಧ್ಯವಿಲ್ಲ ಎಂದು ಸ್ಥಳೀಯ ಆಡಳಿತ ನಿಂತುಬಿಟ್ಟಿತು. ಒಂದು ದಿನವೂ ವ್ಯಾಪಾರಕ್ಕೆ ವಿದ್ಯುತ್ ಕೊಡದೆ ಅದು ಒಂದು ಡಾಲರ್‌ಗೆ ಕೈ ಬದಲಾಯಿಸಿ ಕಳಚಲ್ಪಟ್ಟಿತು. ಅಟ್ಲಾಂಟಿಕ್ ದಾಟಿದರೆ ಅದೇ ವರ್ಷಗಳಲ್ಲಿ ಫ್ರಾನ್ಸ್ ಒಂದೇ ಮಾದರಿಯನ್ನು ಮತ್ತೆ ಮತ್ತೆ ಕಟ್ಟುತ್ತಾ ತನ್ನ ವಿದ್ಯುತ್ತಿನ ಮುಕ್ಕಾಲು ಪಾಲನ್ನು ಅಣುವಿನಿಂದ ಪಡೆಯುವ ಹಂತಕ್ಕೆ ಬಂದಿತ್ತು. ದುಬಾರಿತನ ಪರಮಾಣುವಿನ ಹುಟ್ಟುಗುಣ ಎನ್ನುವವರು ಈ ಜೋಡಿಯನ್ನು ಸ್ವಲ್ಪ ಹೊತ್ತು ನೋಡಬೇಕು.

1986ರ ಏಪ್ರಿಲ್ 26ರ ಚೆರ್ನೋಬಿಲ್ ಬಗ್ಗೆ ಎಲ್ಲರಿಗೂ ಗೊತ್ತು. ಕಡಿಮೆ ಗೊತ್ತಿರುವುದು ಸಾವಿನ ಲೆಕ್ಕದ ಹರವು. ಸ್ಫೋಟ ಮತ್ತು ತೀವ್ರ ವಿಕಿರಣದಿಂದ ಮೊದಲ ಕೆಲವು ತಿಂಗಳಲ್ಲಿ ಸತ್ತವರು ಮೂವತ್ತರಷ್ಟು. ಹೆಚ್ಚು ವಿಕಿರಣ ಉಂಡವರಲ್ಲಿ ಮುಂದೆ ಕ್ಯಾನ್ಸರ್‌ನಿಂದ ನಾಲ್ಕು ಸಾವಿರದವರೆಗೆ ಸಾವು ಸಂಭವಿಸಬಹುದು ಎಂದು 2005ರಲ್ಲಿ ವಿಶ್ವಸಂಸ್ಥೆಯ ಅಂಗಸಂಸ್ಥೆಗಳು ಅಂದಾಜಿಸಿದವು. ಇದಕ್ಕಿಂತ ಹಲವು ಪಟ್ಟು ಹೇಳುವವರೂ ಇದ್ದಾರೆ. ಹಾಲಿನ ಮೂಲಕ ವಿಕಿರಣಶೀಲ ಅಯೋಡಿನ್ ಮಕ್ಕಳ ಗಂಟಲಿಗೆ ಇಳಿದದ್ದು, ಸಾವಿರಾರು ಥೈರಾಯ್ಡ್ ಕ್ಯಾನ್ಸರ್‌ಗಳು ಕಂಡುಬಂದದ್ದು ಯಾವ ಲೆಕ್ಕದಲ್ಲೂ ಸಣ್ಣದಲ್ಲ.

ಇನ್ನೊಂದು ತಕ್ಕಡಿ ನೋಡಿ. 2007ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಯುರೋಪಿನ ಲೆಕ್ಕದಂತೆ ನೂರು ಕೋಟಿ ಯುನಿಟ್ ಕಲ್ಲಿದ್ದಲು ವಿದ್ಯುತ್ತಿಗೆ ಸುಮಾರು 25 ಸಾವು, ಬಹುತೇಕ ಗಾಳಿಯ ಮಾಲಿನ್ಯದಿಂದ. ಅಣುವಿಗೆ ಅದು 0.1ಕ್ಕೂ ಕಡಿಮೆ. ನಮ್ಮ ಸಾವಿರ ಮೆಗಾವಾಟ್ ಸ್ಥಾವರ ವರ್ಷಕ್ಕೆ 700 ಕೋಟಿ ಯುನಿಟ್ ಕೊಟ್ಟರೆ ನೂರಎಪ್ಪತ್ತು ಚಿಲ್ಲರೆ ಸಾವು. ಅವರು ಯಾರು ಎಂದು ಯಾವ ವೈದ್ಯರೂ ಬೆರಳಿಟ್ಟು ತೋರಿಸಲಾರರು. ಮರಣಪತ್ರದಲ್ಲಿ ಹೃದಯಾಘಾತ, ಪಾರ್ಶ್ವವಾಯು, ಶ್ವಾಸಕೋಶದ ಕಾಯಿಲೆ ಎಂದಿರುತ್ತದೆ. ಸ್ಥಾವರದ ಅಂದಿನ ದಿನಚರಿಯಲ್ಲಿ ಎಲ್ಲವೂ ಮಾಮೂಲು ಎಂದು ಬರೆದಿರುತ್ತದೆ, ಅದು ಸುಳ್ಳೂ ಅಲ್ಲ.

2011ರ ಮಾರ್ಚ್ 11ರ ಸುನಾಮಿಯ ನಂತರ ಜಪಾನಿನ ಫುಕುಶಿಮಾ ಅಣು ಸ್ಥಾವರದಲ್ಲಿ ಮೂರು ರಿಯಾಕ್ಟರ್‌ಗಳ ಇಂಧನ ಕರಗಿತು. ವಿಕಿರಣದಿಂದಾದ ಸಾವೆಂದು ಸರ್ಕಾರ ಒಪ್ಪಿಕೊಂಡದ್ದು ಒಬ್ಬ ಕೆಲಸಗಾರನದು. ಆದರೆ ಮನೆ ಬಿಡುವ ಗಡಿಬಿಡಿಯಲ್ಲಿ, ಆಸ್ಪತ್ರೆಯ ಹಾಸಿಗೆಯಿಂದ ಎಬ್ಬಿಸಿ ಸಾಗಿಸುವಾಗ, ಶಿಬಿರಗಳಲ್ಲಿ ವರ್ಷಗಟ್ಟಲೆ ಕಳೆಯುವಾಗ ಆ ಪ್ರಾಂತ್ಯದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಮಂದಿ ತೀರಿಕೊಂಡರು, ಹೆಚ್ಚಿನವರು ವೃದ್ಧರು. ಭಯವನ್ನೂ ಅಪಾಯವೆಂದೇ ಎಣಿಸಬೇಕು ಎಂದು ಅಲ್ಲಿಯವರೆಗೆ ಯಾವ ಕೋಷ್ಟಕದಲ್ಲೂ ಬರೆದಂತಿರಲಿಲ್ಲ. ಅದೇ ವರ್ಷ ಜರ್ಮನಿ ತನ್ನ 17 ರಿಯಾಕ್ಟರ್‌ಗಳಲ್ಲಿ ಎಂಟನ್ನು ನಿಲ್ಲಿಸಿತು, ಕೊನೆಯ ಮೂರನ್ನು 2023ರ ಏಪ್ರಿಲ್ 15ರಂದು. ತೆರವಾದ ಜಾಗವನ್ನು ಕೆಲ ಮಟ್ಟಿಗೆ ಕಲ್ಲಿದ್ದಲು ತುಂಬಿದ್ದರಿಂದ ವರ್ಷಕ್ಕೆ ಸುಮಾರು 1,100 ಹೆಚ್ಚುವರಿ ಸಾವುಗಳಾದವು ಎಂದು ಅರ್ಥಶಾಸ್ತ್ರಜ್ಞರ ಒಂದು ಅಧ್ಯಯನ ಅಂದಾಜಿಸಿದೆ.

ಕಸದ ವಿಷಯಕ್ಕೆ ಬಂದರೆ ಅಣುವಿನ ಬಳಸಿದ ಇಂಧನ ಸಾವಿರಾರು ವರ್ಷ ಅಪಾಯಕಾರಿ, ಆದರೆ ಪ್ರಮಾಣದಲ್ಲಿ ಸಣ್ಣದು, ಎಲ್ಲಿದೆ ಎಂಬುದಕ್ಕೆ ಲೆಕ್ಕವಿದೆ. ಫಿನ್‌ಲ್ಯಾಂಡ್ ಅದಕ್ಕಾಗಿ ಬಂಡೆಯಲ್ಲಿ ನಾನೂರು ಮೀಟರ್‌ಗೂ ಆಳಕ್ಕೆ ಸುರಂಗ ಕೊರೆದಿದೆ. ಕಲ್ಲಿದ್ದಲಿನ ಬೂದಿಯಲ್ಲಿ ಪಾದರಸ, ಆರ್ಸೆನಿಕ್, ತುಸು ಯುರೇನಿಯಂ ಕೂಡ ಇರುತ್ತದೆ, ಅದು ಬಯಲು ಹೊಂಡಗಳಲ್ಲಿ ಬಿದ್ದಿರುತ್ತದೆ. 2008ರ ಡಿಸೆಂಬರ್‌ನಲ್ಲಿ ಟೆನೆಸಿಯ ಕಿಂಗ್‌ಸ್ಟನ್‌ನಲ್ಲಿ ಅಂಥ ಹೊಂಡದ ಒಡ್ಡು ಒಡೆದು ಸುಮಾರು 40 ಲಕ್ಷ ಘನ ಮೀಟರ್ ಬೂದಿಗೆಸರು ಹೊಲ, ನದಿ, ಮನೆಗಳ ಮೇಲೆ ಹರಿಯಿತು. ಆ ಊರಿನ ಹೆಸರು ಎಷ್ಟು ಜನರಿಗೆ ಗೊತ್ತು?

ಇತ್ತೀಚಿನ ಅಣು ಸ್ಥಾವರಗಳ ಬೆಲೆ ಸಮರ್ಥಕರಿಗೂ ಗಂಟಲಲ್ಲಿ ಇಳಿಯುವಂಥದ್ದಲ್ಲ. ಫ್ರಾನ್ಸಿನ ಫ್ಲಮಾನ್‌ವಿಲ್ ಮೂರನೇ ಘಟಕ 330 ಕೋಟಿ ಯೂರೋದಿಂದ 1,300 ಕೋಟಿಗೂ ಮೇಲೇರಿ, 2007ರಲ್ಲಿ ಶುರುವಾಗಿ 2024ರ ಡಿಸೆಂಬರ್‌ನಲ್ಲಿ ವಿದ್ಯುತ್ ಜಾಲಕ್ಕೆ ಸೇರಿತು. ಅಮೆರಿಕದ ವೋಗ್ಟಲ್‌ನ ಎರಡು ಹೊಸ ಘಟಕಗಳು 1,400 ಕೋಟಿ ಡಾಲರ್ ಅಂದಾಜಿನಿಂದ 3,000 ಕೋಟಿ ದಾಟಿದವು. ವರ್ಷಗಟ್ಟಲೆ ಕಟ್ಟದೆ ಬಿಟ್ಟ ಕಸುಬನ್ನು ಮತ್ತೆ ಹಿಡಿದಾಗ ಬೆಸುಗೆ ಹಾಕುವ ನುರಿತ ಕೈಗಳೂ ಬಿಡಿಭಾಗ ಮಾಡುವ ಕಾರ್ಖಾನೆಗಳೂ ಇರಲಿಲ್ಲ. ಈ ನಡುವೆ ಅಗ್ಗದ ಅನಿಲ, ಆಮೇಲೆ ಸೌರಫಲಕ ಬಂದು ಅಣು ಮತ್ತು ಕಲ್ಲಿದ್ದಲು ಎರಡನ್ನೂ ಪಕ್ಕಕ್ಕೆ ತಳ್ಳಿದವು. ಆದರೂ ಜಗತ್ತಿನ ವಿದ್ಯುತ್ತಿನ ಮೂರನೇ ಒಂದು ಪಾಲು ಇಂದಿಗೂ ಕಲ್ಲಿದ್ದಲಿನದು, ಅಣುವಿನದು ಶೇಕಡಾ ಒಂಬತ್ತರ ಆಸುಪಾಸು.

ತ್ರೀ ಮೈಲ್ ಐಲ್ಯಾಂಡ್‌ನ ಮೊದಲನೇ ಘಟಕಕ್ಕೆ 1979ರಲ್ಲಿ ಏನೂ ಆಗಿರಲಿಲ್ಲ. ಅದು 2019ರವರೆಗೆ ಓಡಿತು. ನಿಂತದ್ದು ಅಪಘಾತದಿಂದಲ್ಲ, ಅಗ್ಗದ ಅನಿಲದೊಂದಿಗೆ ದರದಲ್ಲಿ ಪೈಪೋಟಿ ಮಾಡಲಾಗದೆ. 2024ರ ಸೆಪ್ಟೆಂಬರ್‌ನಲ್ಲಿ ಅದನ್ನು ಮತ್ತೆ ನಡೆಸುವ ಯೋಜನೆ ಪ್ರಕಟವಾಯಿತು. ಡೇಟಾ ಕೇಂದ್ರಗಳಿಗೆ ರಾತ್ರಿ ಹಗಲು ವಿದ್ಯುತ್ ಬೇಕಾದ ಮೈಕ್ರೋಸಾಫ್ಟ್ ಇಪ್ಪತ್ತು ವರ್ಷ ಕೊಳ್ಳಲು ಒಪ್ಪಿದೆ. ದುರಸ್ತಿಗೆ 160 ಕೋಟಿ ಡಾಲರ್ ಅಂದಾಜು. ಸ್ಥಾವರಕ್ಕೆ ಕ್ರೇನ್ ಕ್ಲೀನ್ ಎನರ್ಜಿ ಸೆಂಟರ್ ಎಂದು ಹೊಸ ಹೆಸರಿಟ್ಟಿದ್ದಾರೆ. ಅದರಲ್ಲಿ ದ್ವೀಪದ ಹೆಸರೂ ಇಲ್ಲ, ಅಣು ಎಂಬ ಪದವೂ ಇಲ್ಲ.